ಗಂಡು ಮಗುವಿನ ಒಮಿಯಾಮೈರಿ ಕಿಮೋನೊ: ಚಿತ್ರ ನೋಡಿ ಆರಿಸೋದು ಹೇಗೆ

ಜಪಾನಲ್ಲಿ ಮಗು ಹುಟ್ಟಿ ಒಂದು ತಿಂಗಳಾಗ್ತಿದ್ದ ಹಾಗೆ ಶಿಂಟೊ ದೇವಸ್ಥಾನಕ್ಕೆ ಕರ್ಕೊಂಡ್ಹೋಗಿ ದೇವರಿಗೆ ತೋರಿಸೋ ಶಾಸ್ತ್ರ ಇದೆ, ಒಮಿಯಾಮೈರಿ ಅಂತ, ಗಂಡು ಮಗುಗೆ ಸಾಮಾನ್ಯವಾಗಿ 31ನೇ ದಿನದ ಸುಮಾರಿಗೆ ಮಾಡ್ತಾರೆ, ಊರಿಂದ ಊರಿಗೆ ಆಚೀಚೆ ಆಗುತ್ತೆ, ಈಗಿನವರು ಬಿಸಿಲು ಚಳಿ ನೋಡ್ಕೊಂಡು ಮುಂದಕ್ಕೂ ಹಾಕ್ತಾರೆ. ಅವತ್ತಿನ ಕಿಮೋನೊನ ಬಾಡಿಗೆಗೆ ತರೋರು, ಹಳೇದನ್ನ ಆನ್‌ಲೈನಲ್ಲಿ ಕೊಳ್ಳೋರು, ಇಬ್ರಿಗೂ ನಾನು ಹೇಳೋದು ಒಂದೇ: ಚಿತ್ರದ ಅರ್ಥ ತಿಳ್ಕೊಂಡು ಆರಿಸಿ. ಅದ್ರ ಮೇಲಿನ ಒಂದೊಂದು ಚಿತ್ರಾನೂ ಮಗು ಹೀಗೆ ಬೆಳೀಲಿ ಅನ್ನೋ ಹಾರೈಕೆ.

ಮೊದ್ಲು ಬೆನ್ನು ನೋಡಿ. ಈ ಕಿಮೋನೊನ ಮಗುಗೆ ತೊಡಿಸೋದೇ ಇಲ್ಲ, ಮಗು ಒಳಗೆ ಬಿಳೀ ಬಟ್ಟೇಲಿರುತ್ತೆ, ಸಂಪ್ರದಾಯದ ಪ್ರಕಾರ ಅಪ್ಪನ ತಾಯಿ ಎತ್ಕೊಂಡಿರ್ತಾರೆ, ಕಿಮೋನೊನ ಮಗು ಮೇಲೆ ಹೊದಿಸಿ ಅದರ ಎರಡು ದಾರಪಟ್ಟಿನ ಅಜ್ಜಿಯ ಬೆನ್ನ ಹಿಂದೆ ಕಟ್ತಾರೆ. ಹಾಗಾಗಿ ಫೋಟೋದಲ್ಲಿ ಕಾಣೋದೆಲ್ಲ ಬೆನ್ನಿನ ಭಾಗ ಮತ್ತು ತೋಳು. ಮಾರೋರು ಮುಂಭಾಗದ ಫೋಟೋ ಮಾತ್ರ ಹಾಕಿದ್ರೆ ಬೆನ್ನಿಂದು ಕೇಳಿ ತರಿಸ್ಕೊಳ್ಳಿ.

ನಡುವೆ ದೊಡ್ಡದಾಗಿ ಯಾವ ಪ್ರಾಣಿ ಇದೆ, ಅದರ ಜೊತೆಗೆ ಏನಿದೆ, ಎರಡನ್ನೂ ಸೇರಿಸಿ ನೋಡ್ಬೇಕು. ತುಂಬಾ ಕಾಣಸಿಗೋದು ಗಿಡುಗ. ದೂರದಿಂದಲೇ ಗುರುತಿಸೋ ಕಣ್ಣು, ಹಿಡಿದದ್ದನ್ನ ಬಿಡದ ಉಗುರು, ಅಂದ್ರೆ ಮುಂದಾಲೋಚನೆ ಇರ್ಲಿ, ಬಂದ ಅವಕಾಶ ಕೈ ತಪ್ಪದಿರ್ಲಿ ಅಂತ. ಹೊಸ ವರ್ಷದ ಮೊದಲ ಕನಸಲ್ಲಿ ಫೂಜಿ ಬೆಟ್ಟ, ಗಿಡುಗ, ಬದನೆಕಾಯಿ ಬಂದ್ರೆ ಶುಭ ಅನ್ನೋ ನಂಬಿಕೆ ಅಲ್ಲಿದೆ, ಅದಕ್ಕೇ ಗಿಡುಗದ ಹಿಂದೆ ಫೂಜಿ ಬೆಟ್ಟ ಬರೋದುಂಟು. ಪೈನ್ ಮರದ ಮೇಲೆ ಕೂತಿದ್ರೆ ದೀರ್ಘಾಯುಷ್ಯನೂ ಸೇರ್ಕೊಳ್ಳುತ್ತೆ, ಚಳಿಗಾಲದಲ್ಲೂ ಹಸಿರಾಗಿರೋ ಮರ ಅದು.

ನಂಗೆ ಎಲ್ಲಕ್ಕಿಂತ ಇಷ್ಟ ಜಲಪಾತ ಹತ್ತೋ ಕೋಯಿ, ಅಂದ್ರೆ ನಮ್ಮ ಗೆಂಡೆ ಮೀನಿನ ಜಾತಿ. ಚೀನಾದ ಹಳದಿ ನದೀಲಿ ಡ್ರ್ಯಾಗನ್ ಬಾಗಿಲು ಅನ್ನೋ ರಭಸದ ಜಾಗ ದಾಟಿದ ಮೀನು ಡ್ರ್ಯಾಗನ್ ಆಗುತ್ತೆ ಅನ್ನೋ ಕಥೆಯಿಂದ ಬಂದಿದ್ದು, ಮೇ 5ರ ಮಕ್ಕಳ ದಿನಕ್ಕೆ ಜಪಾನಿನ ಮನೆಗಳ ಮುಂದೆ ಗಾಳೀಲಿ ಹಾರೋ ಬಟ್ಟೆ ಮೀನುಗಳಿಗೂ ಇದೇ ಮೂಲ. ಕಷ್ಟಪಟ್ಟು ಮೇಲೆ ಬರ್ಲಿ ಅನ್ನೋ ಹಾರೈಕೆ ಇದರಷ್ಟು ಚೆನ್ನಾಗಿ ಬೇರೆ ಯಾವ ಚಿತ್ರದಲ್ಲೂ ಇಲ್ಲ.

ಡ್ರ್ಯಾಗನ್ ಮೋಡದ ಜೊತೆ ಬರುತ್ತೆ, ಏಳಿಗೆ ಮತ್ತು ಶಕ್ತಿ. ಹುಲಿ ಸಾಮಾನ್ಯವಾಗಿ ಬಿದಿರಿನ ಜೊತೆ, ಸಾವಿರ ಹರದಾರಿ ಹೋದ್ರೂ ಮರಿ ಇದ್ದಲ್ಲಿಗೆ ವಾಪಸ್ ಬರುತ್ತೆ ಅಂತಾರೆ, ಆದ್ರಿಂದ ಧೈರ್ಯದ ಜೊತೆಗೆ ಸಂಸಾರದ ಮಮತೆನೂ ಅದರಲ್ಲಿದೆ. ಕಬುತೊ ಅಂದ್ರೆ ಸಮುರಾಯ್ ಶಿರಸ್ತ್ರಾಣ, ಯುದ್ಧಕ್ಕೆ ಹೋಗ್ಲಿ ಅಂತಲ್ಲ, ತಲೆಗೆ ಏನೂ ತಾಗದೆ ಕಾಪಾಡ್ಲಿ ಅಂತ.

ನಿಧಿ ಹೊತ್ತ ಹಡಗು ಇದ್ರೆ ಸ್ವಲ್ಪ ನಿಂತು ನೋಡಿ. ಅದು ಏಳು ಅದೃಷ್ಟ ದೇವರುಗಳ ಹಡಗು, ಅವರಲ್ಲಿ ಬೆನ್‌ಜೈತೆನ್ ಅಂದ್ರೆ ನಮ್ಮ ಸರಸ್ವತಿನೇ, ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವಳು, ಸುತ್ತಿಗೆ ಹಿಡಿದ ದೈಕೊಕುತೆನ್ ಮೂಲದಲ್ಲಿ ಮಹಾಕಾಲ. ಆ ಸುತ್ತಿಗೆ ಬೀಸಿದ್ರೆ ಬೇಡಿದ್ದೆಲ್ಲ ಉದುರುತ್ತೆ ಅಂತ ನಂಬಿಕೆ, ಹಾಗಾಗಿ ಅದೊಂದನ್ನೇ ಬಿಡಿಯಾಗಿ ಮೂಲೇಲಿ ಬರೆದಿರೋದೂ ಇದೆ. ಕನ್ನಡದ ಮನೆಗೆ ಈ ಚಿತ್ರ ಬಹಳ ಒಪ್ಪುತ್ತೆ.

ಎಲ್ಲಾ ಇರ್ಲಿ ಅಂತ ಗಿಡುಗ, ಡ್ರ್ಯಾಗನ್, ಶಿರಸ್ತ್ರಾಣ, ಹಡಗು ಒಟ್ಟಿಗೆ ತುಂಬಿರೋದನ್ನ ತಗೋಬೇಡಿ, ದೂರದಿಂದ ಯಾವುದೂ ಎದ್ದು ಕಾಣಲ್ಲ. ನಿಮ್ಮ ಮಗುಗೆ ಮುಖ್ಯವಾಗಿ ಏನು ಬೇಕು ಅಂತ ಮನೇಲಿ ಮಾತಾಡ್ಕೊಂಡು ಒಂದೇ ದೊಡ್ಡ ಚಿತ್ರ ಇರೋದನ್ನ ಆರಿಸಿ.

ಹಳೇದು ಕೊಳ್ಳೋರು ಹತ್ರದಿಂದ ಎರಡು ವಿಷಯ ನೋಡಿ. ಒಂದು, ಯೂಜೆನ್ ಅನ್ನೋ ಜಪಾನಿನ ಬಣ್ಣ ಹಾಕೋ ಕಲೆಯ ಕೆಲಸ ಆಗಿದ್ರೆ ಗಿಡುಗದ ಒಂದೊಂದು ಗರಿಯ ಅಂಚಲ್ಲೂ ಕೂದಲೆಳೆಯಷ್ಟು ಬಿಳೀ ಗೆರೆ ಇರುತ್ತೆ, ಬಣ್ಣ ಹರಡದ ಹಾಗೆ ಎಳೆದ ಗಂಜಿಯ ಗುರುತು ಅದು, ಕೈಯಲ್ಲಿ ಎಳೆದಿದ್ರೆ ಅಲ್ಲಲ್ಲಿ ಸ್ವಲ್ಪ ದಪ್ಪ ಸಣ್ಣ ಆಗಿರುತ್ತೆ. ಇನ್ನೊಂದು, ಕತ್ತಿನ ಪಟ್ಟಿಯ ಕೆಳಗೆ ಬೆನ್ನಲ್ಲಿ ಏನಾದ್ರೂ ಹೊಲಿಗೆ ಇದೆಯಾ ನೋಡಿ. ದೊಡ್ಡವರ ಕಿಮೋನೊಗೆ ಬೆನ್ನ ನಡುವೆ ಜೋಡಣೆ ಹೊಲಿಗೆ ಇರುತ್ತೆ, ಅದು ಕಣ್ಣಿನ ಹಾಗೆ ಹಿಂದಿನಿಂದ ಬರೋ ಕೆಡುಕನ್ನ ಕಾಯುತ್ತೆ ಅಂತ ನಂಬ್ತಿದ್ರು, ಕೂಸಿನ ಬಟ್ಟೆಯ ಬೆನ್ನು ಒಂದೇ ಅಗಲದ ತುಂಡು, ನಡುವೆ ಜೋಡಣೆ ಹೊಲಿಗೆನೇ ಇಲ್ಲ, ಅದಕ್ಕೆ ಅಮ್ಮಂದಿರು ಬಣ್ಣದ ದಾರದಲ್ಲಿ ಸೆಮಮೊರಿ ಅನ್ನೋ ರಕ್ಷೆ ಹೊಲೀತಿದ್ರು. ಕೆಲವರು ದಾರದ ತುದಿ ಉದ್ದ ಬಿಡ್ತಿದ್ರು, ಮಗು ಒಲೆಗೆ ಬೀಳೋ ಹಾಗಾದ್ರೆ ದೇವರು ಅದನ್ನ ಹಿಡಿದು ಎಳ್ಕೊಳ್ಲಿ ಅಂತ. ಅಂಥ ಹೊಲಿಗೆ ಸಿಕ್ಕಿದ್ರೆ ದಯವಿಟ್ಟು ಬಿಚ್ಚಬೇಡಿ.

ಬಣ್ಣದ ವಿಷ್ಯಕ್ಕೆ ಬಂದ್ರೆ ಕಪ್ಪು, ಕಡುನೀಲಿ, ಹಸಿರು ರೂಢೀಲಿರೋವು. ಕೊಂಡಿದ್ದಾದ್ರೆ ಭುಜದಲ್ಲಿ ಮಡಿಕೆ ಹಾಕಿ ಹೊಲಿಸಿ 3 ಅಥವಾ 5 ವರ್ಷಕ್ಕೆ ಬರೋ ಶಿಚಿಗೊಸಾನ್‌ಗೂ ಹಾಕಬಹುದು, ಮಕ್ಕಳ ಬೆಳವಣಿಗೆಗೆ ಅಂತ ಮಾಡೋ ನವೆಂಬರ್ 15ರ ಹಬ್ಬ ಅದು. 5ರಲ್ಲಿ ಮೇಲೆ ಹಾವೊರಿ ಅನ್ನೋ ಮೇಲಂಗಿ, ಕೆಳಗೆ ಹಕಾಮ ಅನ್ನೋ ನೆರಿಗೆಯ ಅಗಲ ಪ್ಯಾಂಟು ಹಾಕೋದ್ರಿಂದ ಚಿತ್ರ ಹೆಚ್ಚು ಕಮ್ಮಿ ಮುಚ್ಚೇ ಹೋಗುತ್ತೆ, ಹಾಗಾಗಿ ಮರುಬಳಕೆಗೆ ಅಂತ ಚಿತ್ರದಲ್ಲಿ ರಾಜಿ ಆಗ್ಬೇಡಿ. ಬೆನ್ನು, ತೋಳು, ಎದೆ ಸೇರಿ 5 ಕಡೆ ಇರೋ ದುಂಡನೆ ಗುರುತು ಮನೆತನದ ಲಾಂಛನ. ಬಾಡಿಗೆ ಕಿಮೋನೊಗಳಲ್ಲಿ ಎಲ್ಲರಿಗೂ ನಡೆಯೋ ಲಾಂಛನಾನೇ ಹಾಕಿರ್ತಾರೆ, ನಮ್ಮ ಮನೆತನದ್ದಲ್ವಲ್ಲ ಅಂತ ಯೋಚಿಸ್ಬೇಕಾಗಿಲ್ಲ.