ವೆಬ್‌ಸೈಟ್‌ಗೆ ಜನ ಬರಬೇಕೆ? ಮೊದಲು ಬಾಗಿಲು ತೆರೆದಿದೆಯೇ ನೋಡಿ

‘ಒಂದೇ ತಿಂಗಳಲ್ಲಿ ನಿಮ್ಮ ವೆಬ್‌ಸೈಟ್‌ಗೆ 10,000 ಜನರನ್ನು ಕರೆತರುತ್ತೇವೆ’ ಎಂಬ ಇಮೇಲ್ ಬಾರದ ಸಣ್ಣ ವ್ಯಾಪಾರಿ ಯಾರಿದ್ದಾರೆ ಹೇಳಿ. ಕುತೂಹಲ ತಡೆಯಲಾರದೆ ಒಮ್ಮೆ ನಾನೂ ಅಂಥವರೊಬ್ಬರಿಗೆ ದುಡ್ಡು ಕೊಟ್ಟೆ. ಹೇಳಿದ ಲೆಕ್ಕಕ್ಕೆ ಮೋಸ ಮಾಡಲಿಲ್ಲ. ತಿಂಗಳುಗಟ್ಟಲೆ ಮಲಗಿದ್ದ ಗ್ರಾಫ್ ಎದ್ದು ಕೂತಿತು. ಆದರೆ ಬಂದವರೆಲ್ಲ ಒಂದೆರಡು ಸೆಕೆಂಡಿಗೆ ಮಾಯ. ಎರಡನೇ ಪುಟ ತೆರೆದವರಿಲ್ಲ, ಫೋನ್ ಮಾಡಿದವರಂತೂ ಇಲ್ಲವೇ ಇಲ್ಲ. ನನ್ನ ಸೈಟಿಗೆ ಬಂದು ಹೋದದ್ದು ಮನುಷ್ಯರಂತೆ ನಟಿಸುವ ಸಾಫ್ಟ್‌ವೇರ್.

ಟ್ರಾಫಿಕ್, ಅಂದರೆ ಸೈಟಿಗೆ ಬರುವವರ ಸಂಖ್ಯೆಯ ಮೋಹ ಇವತ್ತಿನದೇನೂ ಅಲ್ಲ. ಹಿಂದೆ ‘ನಮ್ಮ ಸೈಟಿಗೆ ಇಷ್ಟು ಸಾವಿರ ಹಿಟ್ಸ್’ ಎಂದು ಹೇಳಿಕೊಳ್ಳುವುದಿತ್ತು. 24 ಫೋಟೊ ಇರುವ ಪುಟವನ್ನು ಒಬ್ಬರು ಒಂದು ಸಲ ತೆರೆದರೆ ಸರ್ವರ್ ಲೆಕ್ಕದಲ್ಲಿ ಅದು 25 ಹಿಟ್: ಪುಟಕ್ಕೆ ಒಂದು, ಫೋಟೊಗಳಿಗೆ 24. ಫೋಟೊ ಹೆಚ್ಚಿಸಿದರೆ ಹಿಟ್ಸೂ ಹೆಚ್ಚಿತು, ಗಿರಾಕಿ ಮಾತ್ರ ಅದೇ ಒಬ್ಬರು.

ಆದ್ದರಿಂದ ಇಲ್ಲಿ ಹೇಳುವ ಹೆಜ್ಜೆಗಳಲ್ಲಿ ದುಡ್ಡು ಸುರಿಯುವ ಕೆಲಸ ಕಟ್ಟಕಡೆಗೆ ಬರುತ್ತದೆ. ಉದಾಹರಣೆಗೆ ಹೊಲಿಗೆ ಯಂತ್ರ ರಿಪೇರಿ ಮಾಡುವವರ ವೆಬ್‌ಸೈಟ್ ಒಂದನ್ನು ಇಟ್ಟುಕೊಳ್ಳೋಣ. ನಿಮ್ಮದು ಬೇರೆ ಕಸುಬಾದರೆ ಆ ಜಾಗದಲ್ಲಿ ನಿಮ್ಮದನ್ನು ಹಾಕಿಕೊಂಡು ಓದಿ.

1. ಬಂದವರು ಏನು ಮಾಡಬೇಕು, ತೀರ್ಮಾನಿಸಿ

ಫೋನ್ ಮಾಡಬೇಕೆ? ಆರ್ಡರ್ ಹಾಕಬೇಕೆ? ಅಂಗಡಿಗೆ ಬರಬೇಕೆ? ಒಂದನ್ನು ಆರಿಸಿಕೊಳ್ಳಿ. ನಮ್ಮ ರಿಪೇರಿಯವರಿಗೆ ಬೇಕಾದದ್ದು ಫೋನ್ ಕರೆ. ಹಾಗಾದರೆ ಪ್ರತಿ ಪುಟದ ಮೇಲ್ಭಾಗದಲ್ಲೇ ನಂಬರ್ ಇರಬೇಕು, ಮೊಬೈಲಿನಲ್ಲಿ ಅದನ್ನು ಒತ್ತಿದರೆ ಕರೆ ಹೋಗಬೇಕು. ಎಷ್ಟೋ ಸೈಟುಗಳಲ್ಲಿ ನಂಬರನ್ನು ಬ್ಯಾನರ್ ಚಿತ್ರದೊಳಗೆ ಬರೆದಿರುತ್ತಾರೆ. ಅದನ್ನು ಒತ್ತಲೂ ಆಗದು, ಕಾಪಿ ಮಾಡಲೂ ಆಗದು. ಒಂದು ಚೀಟಿ ಹುಡುಕಿ ನಂಬರ್ ಬರೆದುಕೊಂಡು ಫೋನ್ ಮಾಡುವಷ್ಟು ತಾಳ್ಮೆ ಯಾರಿಗಿದೆ?

ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಸೈಟನ್ನು ಎಂದೂ ನೋಡಿರದ ಒಬ್ಬರ ಕೈಗೆ ಮೊಬೈಲ್ ಕೊಟ್ಟು, ‘ಇವರು ಭಾನುವಾರ ಕೆಲಸ ಮಾಡುತ್ತಾರಾ, ಮನೆಗೇ ಬರುತ್ತಾರಾ, ಕಂಡುಹಿಡಿ’ ಎನ್ನಿ. ಆಮೇಲೆ ಬಾಯಿಗೆ ಬೀಗ. ಅವರ ಹೆಬ್ಬೆರಳು ಎಲ್ಲಿ ತಡಕಾಡುತ್ತದೆ, ಎಲ್ಲಿ ವಾಪಸ್ ಬರುತ್ತದೆ ನೋಡುತ್ತಿರಿ. ‘ಅಲ್ಲೇ ಇದೆಯಲ್ಲ, ಕೆಳಗೆ’ ಎಂದು ಹೇಳಬೇಕೆಂಬ ತುಡಿತ ಬಂದ ಜಾಗವೇ ನೀವು ಸರಿಪಡಿಸಬೇಕಾದ ಜಾಗ. ಇದಾಗದೆ ಜನರನ್ನು ಕರೆಯುವುದೆಂದರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

2. ಗೂಗಲ್ ಕಣ್ಣಿಗೆ ಸೈಟ್ ಬಿದ್ದಿದೆಯೇ?

ಪರಿಚಯದವರೊಬ್ಬರು ಹೊಸ ಸೈಟ್ ಮಾಡಿಸಿ ಮೂರು ತಿಂಗಳಾದರೂ ಹುಡುಕಾಟದಲ್ಲಿ ಕಾಣಿಸುತ್ತಿಲ್ಲ ಎಂದು ಗೋಳಾಡುತ್ತಿದ್ದರು. ಸೈಟ್ ಮಾಡಿಕೊಟ್ಟವರು ‘ಇದಕ್ಕೆಲ್ಲ ಸಮಯ ಬೇಕು’ ಎನ್ನುತ್ತಿದ್ದರಂತೆ. ಸೈಟ್ ಕಟ್ಟಲು ಬಳಸಿದ್ದ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ತೆರೆದು ‘ಸೆಟ್ಟಿಂಗ್ಸ್’ ಒಳಗಿನ ‘ರೀಡಿಂಗ್’ ಪುಟಕ್ಕೆ ಹೋದೆ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳದಿರಲಿ ಎಂದು ಕೋರುವ ಚೌಕವೊಂದು ಅಲ್ಲಿದೆ. ಅದರಲ್ಲಿ ಟಿಕ್ ಬಿದ್ದಿತ್ತು. ಸೈಟ್ ಕಟ್ಟುವಾಗ ಅರೆಬರೆ ಪುಟಗಳು ಹೊರಗೆ ಕಾಣದಿರಲಿ ಎಂದು ಹಾಕಿದ ಟಿಕ್ಕು ಅದು. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು, ಅಷ್ಟೇ. ಅಂಗಡಿ ತೆರೆದು, ಒಳಗೆ ದೀಪ ಹಚ್ಚಿ, ಹೊರಗೆ ‘ರಜೆ’ ಎಂಬ ಬೋರ್ಡು ತೂಗುಹಾಕಿದಂತೆ.

ನಿಮ್ಮದು ಕಾಣುತ್ತಿದೆಯೇ ಎಂದು ತಿಳಿಯಲು ಗೂಗಲ್‌ನಲ್ಲಿ ‘ಸೈಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಟೈಪ್ ಮಾಡಿ. ಗೂಗಲ್ ಸೇರಿಸಿಕೊಂಡಿರುವ ಪುಟಗಳು ಬರುತ್ತವೆ. ಏನೂ ಬರದಿದ್ದರೆ ಮೇಲಿನ ಟಿಕ್ ಮೊದಲು ನೋಡಿ. ಬಳಿಕ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ನೋಂದಾಯಿಸಿ, ಸೈಟ್‌ಮ್ಯಾಪ್ ಸಲ್ಲಿಸಿ. ಇದು ಪೂರ್ತಿ ಉಚಿತ. ಸೈಟ್‌ಮ್ಯಾಪ್ ಎಂದರೆ ನಿಮ್ಮ ಪುಟಗಳ ವಿಳಾಸದ ಪಟ್ಟಿ. ವರ್ಡ್‌ಪ್ರೆಸ್‌ನಂಥ ವ್ಯವಸ್ಥೆಗಳು ಅದನ್ನು ತಾವೇ ತಯಾರಿಸುತ್ತವೆ.

ವಿಳಾಸದ ಮುಂದೆ ಎಚ್‌ಟಿಟಿಪಿಎಸ್ (ಸೈಟಿಗೂ ನೋಡುವವರಿಗೂ ನಡುವೆ ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ವ್ಯವಸ್ಥೆ) ಇದೆಯೇ ಎಂಬುದನ್ನೂ ನೋಡಿಬಿಡಿ. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಅದಿಲ್ಲದ ಸೈಟುಗಳಿಗೆ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಅಂಟಿಸುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಪುಕ್ಕಟೆ ಕೊಡುತ್ತದೆ.

3. ಅಳತೆಗೋಲು ಇಟ್ಟುಕೊಳ್ಳಿ

ಸರ್ಚ್ ಕನ್ಸೋಲ್‌ನಲ್ಲಿ ನಾಲ್ಕು ಅಂಕಿಗಳು ಸಿಗುತ್ತವೆ: ನಿಮ್ಮ ಪುಟ ಎಷ್ಟು ಸಲ ಕಣ್ಣಿಗೆ ಬಿತ್ತು, ಎಷ್ಟು ಕ್ಲಿಕ್ ಬಂತು, ಎರಡರ ಅನುಪಾತ ಎಷ್ಟು, ಪಟ್ಟಿಯಲ್ಲಿ ಸರಾಸರಿ ಎಷ್ಟನೆಯ ಸ್ಥಾನ. ಜನ ಟೈಪ್ ಮಾಡಿದ ಪದಗಳ ಪಟ್ಟಿಯೂ ಅಲ್ಲೇ ಇದೆ. 16 ತಿಂಗಳ ಲೆಕ್ಕ ಉಳಿದಿರುತ್ತದೆ.

ಸೈಟಿನ ಒಳಗೆ ಬಂದ ಮೇಲೆ ಜನ ಏನು ಮಾಡಿದರು ಎಂದು ಹೇಳುವುದು ಗೂಗಲ್ ಅನಲಿಟಿಕ್ಸ್. ಹಳೆಯ ಆವೃತ್ತಿ 2023ರ ಜುಲೈ 1ಕ್ಕೆ ಲೆಕ್ಕ ಹಿಡಿಯುವುದನ್ನು ನಿಲ್ಲಿಸಿತು. ಈಗ ಇರುವುದು ಜಿಎ4. ಅದರ ಪರದೆ ಮೊದಲ ಸಲ ಕಂಡಾಗ ವಿಮಾನದ ಕಾಕ್‌ಪಿಟ್‌ನಲ್ಲಿ ಕೂತ ಹಾಗಾಗುತ್ತದೆ. ಗಾಬರಿ ಬೇಡ, ಎರಡು ಕಡೆ ನೋಡಿದರೆ ಸಾಕು. ಒಂದು, ‘ಎಂಗೇಜ್ಡ್ ಸೆಷನ್’. 10 ಸೆಕೆಂಡಿಗಿಂತ ಹೆಚ್ಚು ನಿಂತ, ಎರಡು ಪುಟವನ್ನಾದರೂ ನೋಡಿದ, ಅಥವಾ ನೀವು ಮುಖ್ಯವೆಂದು ಗುರುತು ಮಾಡಿದ ಕೆಲಸ ಮಾಡಿದ ಭೇಟಿಗಳ ಲೆಕ್ಕ ಇದು. ನಾನು ಕೊಂಡ ಆ ಜನಜಂಗುಳಿಯ ಬಣ್ಣ ಬಯಲಾದದ್ದು ಇಲ್ಲಿಯೇ. ಎರಡು, ‘ಕೀ ಈವೆಂಟ್’, ಅಂದರೆ ನೀವು ಗುರುತು ಮಾಡಿದ ಆ ಮುಖ್ಯ ಕೆಲಸ. ಫೋನ್ ನಂಬರ್ ಒತ್ತಿದ್ದನ್ನು ಕೀ ಈವೆಂಟ್ ಆಗಿ ಗುರುತಿಸಿ.

ವಾಟ್ಸ್‌ಆ್ಯಪ್, ಫೇಸ್‌ಬುಕ್, ಇಮೇಲ್‌ಗಳಲ್ಲಿ ಸೈಟಿನ ಲಿಂಕ್ ಹಂಚುವಾಗ ವಿಳಾಸದ ಬಾಲಕ್ಕೆ ಯುಟಿಎಂ ಗುರುತು, ಅಂದರೆ ಲಿಂಕನ್ನು ಎಲ್ಲಿ ಹಂಚಿದ್ದು ಎಂದು ಹೇಳುವ ಪದಗಳನ್ನು ಸೇರಿಸಿ. ಯಾವ ಕಡೆಯಿಂದ ಬಂದರು ಎಂಬುದು ವರದಿಯಲ್ಲಿ ಹೆಸರು ಸಮೇತ ಸಿಗುತ್ತದೆ. ಅಂದಹಾಗೆ, ಯುಟಿಎಂನ ‘ಯು’ ಎಂದರೆ ಅರ್ಚಿನ್. 2005ರಲ್ಲಿ ಗೂಗಲ್ ಕೊಂಡುಕೊಂಡ ಕಂಪನಿಯ ಹೆಸರದು. ಅನಲಿಟಿಕ್ಸ್ ಹುಟ್ಟಿದ್ದು ಅದರ ಸಾಫ್ಟ್‌ವೇರ್‌ನಿಂದ. ಕಂಪನಿ ಹೋಗಿ ಇಷ್ಟು ವರ್ಷವಾದರೂ ಹೆಸರು ಲಿಂಕುಗಳ ಬಾಲದಲ್ಲಿ ಉಳಿದುಕೊಂಡಿದೆ.

4. ಗಿರಾಕಿಯ ಬಾಯಲ್ಲಿ ಬರುವ ಮಾತನ್ನೇ ಬರೆಯಿರಿ

ಇಡೀ ಕೆಲಸದ ಹೂರಣ ಇಲ್ಲಿದೆ. ರಿಪೇರಿಯವರ ಮುಖಪುಟದಲ್ಲಿ ‘ಅತ್ಯುತ್ತಮ ಗುಣಮಟ್ಟದ ಸಮಗ್ರ ಸೇವೆ’ ಎಂದು ಬರೆದಿದೆ ಅಂದುಕೊಳ್ಳಿ. ಮಧ್ಯರಾತ್ರಿ ಅರ್ಧ ಹೊಲಿದ ಬಟ್ಟೆ ಹಿಡಿದು ಕೂತವರು ಯಾರಾದರೂ ಈ ಪದಗಳನ್ನು ಹುಡುಕುತ್ತಾರೆಯೇ? ಅವರು ಬರೆಯುವುದು ‘ಹೊಲಿಗೆ ಮಷೀನ್ ದಾರ ಪದೇ ಪದೇ ತುಂಡಾಗುತ್ತಿದೆ’ ಎಂದು.

ಎರಡು ವಾರ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಕರೆ ಮಾಡಿದವರು ಮೊದಲ ವಾಕ್ಯದಲ್ಲಿ ಏನು ಹೇಳಿದರೋ ಅದನ್ನೇ ಬರೆದುಕೊಳ್ಳಿ, ತಿದ್ದಬೇಡಿ. ‘ಕೆಳಗಡೆ ದಾರ ಗಂಟು ಗಂಟಾಗ್ತಿದೆ’, ‘ಹೊಲಿಗೆ ಬಿಟ್ಟು ಬಿಟ್ಟು ಬೀಳ್ತಿದೆ’, ‘ಮೋಟಾರ್ ತಿರುಗತ್ತೆ, ಸೂಜಿ ಅಲ್ಲಾಡಲ್ಲ’. ಹೆಚ್ಚು ಸಲ ಬಂದ ಪ್ರಶ್ನೆಗೆ ಒಂದೊಂದು ಪುಟ.

ದಾರ ತುಂಡಾಗುವ ಪುಟ ಹೀಗೆ ಸಾಗಬಹುದು: ಮೇಲಿನ ದಾರ ಪೋಣಿಸಿದ ದಾರಿ ಸರಿಯಾಗಿದೆಯೇ ನೋಡಿ. ಟೆನ್ಷನ್ ತುಸು ಸಡಿಲಿಸಿ. ಸೂಜಿ ಮೊಂಡಾಗಿದ್ದರೆ ಬದಲಿಸಿ, ತಿರುವುಮುರುವಾಗಿ ಕೂತಿದೆಯೇ ಗಮನಿಸಿ. ದಾರವೇ ಹಳತಾಗಿ ಲಡ್ಡಾಗಿದೆಯೇ ಎಳೆದು ನೋಡಿ. ಇಷ್ಟಾದ ಮೇಲೂ ತುಂಡಾಗುತ್ತಿದ್ದರೆ ಹುಕ್ ಅಥವಾ ಸೂಜಿ ತಟ್ಟೆಯಲ್ಲಿ ಗೀರು ಬಿದ್ದು ದಾರವನ್ನು ಕತ್ತರಿಸುತ್ತಿರಬಹುದು, ಅದನ್ನು ಬಿಚ್ಚಿಯೇ ನೋಡಬೇಕು. ಅದರ ಕೆಳಗೆ ಫೋನ್ ನಂಬರ್.

‘ಗುಟ್ಟೆಲ್ಲ ಹೇಳಿಬಿಟ್ಟರೆ ನಮಗೆ ಕೆಲಸ ಎಲ್ಲಿಂದ ಬರುತ್ತದೆ?’ ಎಂದು ಕೇಳುವವರಿದ್ದಾರೆ. ಸೂಜಿ ಬದಲಿಸಿದ ಮಾತ್ರಕ್ಕೆ ಸರಿಹೋಗುವ ಮಷೀನಿನಿಂದ ನಿಮಗೆ ಎಷ್ಟು ದುಡಿಮೆ ಇತ್ತು? ನಿಜವಾಗಿ ಕೆಟ್ಟಾಗ ಆ ಮನುಷ್ಯ ಫೋನ್ ಮಾಡುವುದು ಹಿಂದೊಮ್ಮೆ ಸರಿಯಾದ ಮಾತು ಹೇಳಿದವರಿಗೆ.

ಪುಟದ ಟೈಟಲ್‌ನಲ್ಲೂ ಅದೇ ಪ್ರಶ್ನೆಯ ಪದಗಳಿರಲಿ. ಹುಡುಕಾಟದ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ‘ಮುಖಪುಟ’, ‘ಸೇವೆಗಳು’ ಎಂಬಂಥ ಟೈಟಲ್‌ಗಳು ವ್ಯರ್ಥ. ‘ಮೆಟಾ ಕೀವರ್ಡ್ಸ್’ (ಪುಟದ ಕೋಡಿನೊಳಗೆ ಅಡಗಿರುವ ಪದಗಳ ಪಟ್ಟಿ) ತುಂಬಿಸಿಕೊಡುತ್ತೇವೆ ಎಂದು ಯಾರಾದರೂ ಬಿಲ್ ಹಾಕಿದರೆ ಕೊಡಬೇಡಿ. ಆ ಟ್ಯಾಗನ್ನು ಹುಡುಕಾಟದ ಪಟ್ಟಿಯಲ್ಲಿ ಸ್ಥಾನ ಕೊಡುವ ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಎಐ ಬಳಸಿ ರಾತ್ರೋರಾತ್ರಿ ಐನೂರು ಪುಟ ಸುರಿಯುವ ಸಲಹೆಯೂ ಬರುತ್ತದೆ. ರ‍್ಯಾಂಕಿಂಗ್‌ಗಾಗಿ ಹೀಗೆ ಪುಟಗಳ ರಾಶಿ ಹಾಕುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮದಡಿ ತಂದಿತು. ನೋಟ್‌ಬುಕ್‌ನಿಂದ ಬಂದ ಹತ್ತು ಪುಟ ಸಾಕು.

5. ಪುಟ ಬೇಗ ತೆರೆಯಲಿ

ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಗುರಿ. ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಕೊಟ್ಟು ಪರೀಕ್ಷಿಸಿ. ಸಣ್ಣ ಸೈಟುಗಳಲ್ಲಿ ಕಳ್ಳ ಹೆಚ್ಚಾಗಿ ಫೋಟೊವೇ. ಮೊಬೈಲಿನಿಂದ ತೆಗೆದ ನಾಲ್ಕೈದು ಎಂಬಿಯ ಚಿತ್ರವನ್ನು ಹಾಗೆಯೇ ಏರಿಸಿರುತ್ತಾರೆ. ಅಳತೆ ಕಿರಿದಾಗಿಸಿ, ವೆಬ್‌ಪಿ ಮಾದರಿಯಲ್ಲಿ ಉಳಿಸಿದರೆ ಅದೇ ಚಿತ್ರ ಒಂದೆರಡು ನೂರು ಕೆಬಿಗೆ ಇಳಿಯುತ್ತದೆ.

6. ಮ್ಯಾಪ್‌ನಲ್ಲಿ ಹೆಸರು

ಗಿರಾಕಿಗಳು ಸುತ್ತಮುತ್ತಲಿನವರೇ ಆಗಿದ್ದರೆ ವೆಬ್‌ಸೈಟ್‌ಗಿಂತ ಮೊದಲು ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿಮಾಡಿ. 2021ರವರೆಗೆ ಇದನ್ನು ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು. ಖರ್ಚಿಲ್ಲ. ಸಮಯ, ನಂಬರ್, ರಜಾದಿನ ಸರಿಯಾಗಿರಲಿ. ಮುಚ್ಚಿದ ಅಂಗಡಿಯ ಮುಂದೆ ನಿಂತವರು ಬರೆಯುವ ರಿವ್ಯೂ ಹೇಗಿರುತ್ತದೆಂದು ಹೇಳಬೇಕಿಲ್ಲವಲ್ಲ.

ಕೆಲಸ ಮುಗಿದು ಗಿರಾಕಿ ಖುಷಿಯಾಗಿರುವಾಗ ರಿವ್ಯೂ ಬರೆಯುವಂತೆ ಕೇಳುವುದರಲ್ಲಿ ತಪ್ಪಿಲ್ಲ. ಬದಲಿಗೆ ರಿಯಾಯಿತಿ, ಉಡುಗೊರೆ ಕೊಡುವುದು ನಿಯಮಕ್ಕೆ ವಿರುದ್ಧ. ಬೈದು ಬರೆದವರಿಗೆ ಎರಡು ಸಾಲಿನ ಶಾಂತ ಉತ್ತರ ಕೊಡಿ, ವಾದಕ್ಕಿಳಿಯಬೇಡಿ. ಆ ಉತ್ತರವನ್ನು ಓದುವವರು ಮುಂದಿನ ಗಿರಾಕಿಗಳು.

7. ಬೇರೆಯವರ ಸೈಟಿನಿಂದ ದಾರಿ

ಹೆಚ್ಚು ಕಡೆಯಿಂದ, ಅದರಲ್ಲೂ ತೂಕವುಳ್ಳ ಕಡೆಯಿಂದ ಲಿಂಕ್ ಬಂದ ಪುಟಕ್ಕೆ ಹೆಚ್ಚು ಬೆಲೆ. ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ 1998ರಲ್ಲಿ ಪ್ರಕಟಿಸಿದ ಪೇಜ್‌ರ‍್ಯಾಂಕ್ ವಿಧಾನದ ತಿರುಳು ಇದು. ಇದನ್ನು ತಿಳಿದವರು ಲಿಂಕ್ ಮಾರುವ ದಂಧೆಗಿಳಿದರು. 2012ರಲ್ಲಿ ಗೂಗಲ್ ತನ್ನ ಹುಡುಕಾಟದ ವಿಧಾನದಲ್ಲಿ ತಂದ ‘ಪೆಂಗ್ವಿನ್’ ಎಂಬ ಬದಲಾವಣೆ ಹಾಗೆ ಲಿಂಕ್ ಕೊಂಡ ಎಷ್ಟೋ ಸೈಟುಗಳನ್ನು ಪಾತಾಳಕ್ಕೆ ತಳ್ಳಿತು. ನೀವು ಬಿಡಿಭಾಗ ಕೊಳ್ಳುವ ಕಂಪನಿಯ ಡೀಲರ್ ಪಟ್ಟಿ, ನಿಮ್ಮ ಕಸುಬಿನ ಸಂಘದ ಸದಸ್ಯರ ಪುಟ, ಹೊಲಿಗೆ ಕಲಿಸುವವರ ಸೈಟ್ ಇಂಥ ಕಡೆ ಕೇಳಿ ಹಾಕಿಸಿಕೊಳ್ಳಿ.

ಸಾಮಾಜಿಕ ಜಾಲತಾಣಗಳ ಬಗ್ಗೆ ನನ್ನ ಸಲಹೆ ಚುಟುಕು: ಐದು ಕಡೆ ಖಾತೆ ತೆರೆದು ಎಲ್ಲವನ್ನೂ ಒಣಗಿಸುವ ಬದಲು ಗಿರಾಕಿಗಳಿರುವ ಒಂದು ಕಡೆ ಇರಿ. ಅಲ್ಲಿ ಬಂದವರ ಇಮೇಲ್ ಅಥವಾ ನಂಬರನ್ನು ಒಪ್ಪಿಗೆ ಪಡೆದು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತಾ ಹೋಗಿ. ಜಾಲತಾಣ ನಾಳೆ ನಿಯಮ ಬದಲಿಸಿದರೂ ಆ ಪಟ್ಟಿ ನಿಮ್ಮದಾಗಿಯೇ ಇರುತ್ತದೆ.

8. ಈಗ ಜಾಹೀರಾತು

ಮೊದಲು ಪೆನ್ನು, ಕಾಗದ. 100 ಕ್ಲಿಕ್ಕಿಗೆ 4 ಕರೆ, 4 ಕರೆಗೆ 1 ಕೆಲಸ ಎಂದಿಟ್ಟುಕೊಳ್ಳಿ. ಆಗ 100 ಕ್ಲಿಕ್ಕಿನ ಖರ್ಚು ಒಂದು ಕೆಲಸದ ಲಾಭಕ್ಕಿಂತ ಕಡಿಮೆ ಇರಲೇಬೇಕು. ಇಲ್ಲವಾದರೆ ನಷ್ಟ. ಈ ಲೆಕ್ಕ ಗೊತ್ತಿಲ್ಲದೆ ಬಜೆಟ್ ಇಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೂರನೇ ಹೆಜ್ಜೆಯ ಅಳತೆ ಇಲ್ಲಿ ಕೈಹಿಡಿಯುತ್ತದೆ.

ಗೂಗಲ್ ಆ್ಯಡ್ಸ್‌ನಲ್ಲಿ ಹೊಸಬರ ದುಡ್ಡು ಸೋರುವುದು ತಾನಾಗಿ ಆಯ್ಕೆಯಾಗಿರುವ ಸೆಟ್ಟಿಂಗ್‌ಗಳಿಂದ. ಸ್ಥಳದ ಆಯ್ಕೆಯಲ್ಲಿ ‘ಅಲ್ಲಿ ಇರುವವರು ಅಥವಾ ಆ ಸ್ಥಳದಲ್ಲಿ ಆಸಕ್ತಿ ತೋರಿದವರು’ ಎಂದಿರುತ್ತದೆ. ದೂರದಲ್ಲಿ ಕೂತು ನಿಮ್ಮ ಸ್ಥಳದ ಬಗ್ಗೆ ಹುಡುಕಿದವರಿಗೂ ಜಾಹೀರಾತು ಹೋಗುತ್ತದೆ. ಅವರು ಮಷೀನ್ ಹೊತ್ತು ಬರುತ್ತಾರೆಯೇ? ಅದನ್ನು ‘ಅಲ್ಲಿ ಇರುವವರು’ ಎಂದಷ್ಟೇ ಮಾಡಿ. ಸರ್ಚ್ ಜಾಹೀರಾತಿನ ಜೊತೆ ಡಿಸ್‌ಪ್ಲೇ ನೆಟ್‌ವರ್ಕ್ (ಬೇರೆ ಸೈಟು, ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವ ಜಾಲ) ಕೂಡ ಸೇರಿಕೊಂಡಿದ್ದರೆ ಆ ಟಿಕ್ ತೆಗೆಯಿರಿ. ಯಾವ ಪದ ಹುಡುಕಿದಾಗ ಜಾಹೀರಾತು ಕಾಣಬೇಕೋ ಆ ಕೀವರ್ಡ್‌ಗಳನ್ನು ‘ಬ್ರಾಡ್’ (ದೂರದ ಸಂಬಂಧವಿದ್ದರೂ ಸಾಕು) ಎಂದು ಬಿಡದೆ ‘ಫ್ರೇಸ್’ (ಆ ಮಾತಿನ ಅರ್ಥ ಹುಡುಕಾಟದೊಳಗೆ ಇರಬೇಕು) ಅಥವಾ ‘ಎಕ್ಸಾಕ್ಟ್’ (ಅದೇ ಅರ್ಥದ ಹುಡುಕಾಟವಾಗಿರಬೇಕು) ಮಾಡಿ.

ಒಂದು ವಾರ ಬಿಟ್ಟು ‘ಸರ್ಚ್ ಟರ್ಮ್ಸ್’ ವರದಿ ತೆರೆಯಿರಿ. ‘ಹೊಲಿಗೆ ಮಷೀನ್ ಚಿತ್ರ’, ‘ಹೊಲಿಗೆ ಕಲಿಯುವುದು ಹೇಗೆ’, ‘ಹೊಲಿಗೆ ಕೆಲಸ ಖಾಲಿ ಇದೆಯೇ’ ಎಂದು ಹುಡುಕಿದವರ ಕ್ಲಿಕ್ಕಿಗೂ ನೀವು ದುಡ್ಡು ಕಟ್ಟಿರುವುದು ಕಾಣುತ್ತದೆ. ಆ ಪದಗಳನ್ನು ‘ಇವಕ್ಕೆ ಜಾಹೀರಾತು ತೋರಿಸಬೇಡ’ ಎನ್ನುವ ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿ. ಮೊದಲ ತಿಂಗಳಂತೂ ಇದು ಪ್ರತಿ ವಾರದ ಕೆಲಸ.

9. ವಾರಕ್ಕೆ ಅರ್ಧ ಗಂಟೆ

ಬೆಳಿಗ್ಗೆ ಎದ್ದು ಗ್ರಾಫ್ ನೋಡುವ ಚಟ ಬೇಡ. ವಾರಕ್ಕೊಮ್ಮೆ ಸರ್ಚ್ ಕನ್ಸೋಲ್ ತೆರೆದು, ಹೆಚ್ಚು ಸಲ ಕಣ್ಣಿಗೆ ಬಿದ್ದರೂ ಕ್ಲಿಕ್ ಬಾರದ ಪದಗಳನ್ನು ಹುಡುಕಿ. ಅದರಲ್ಲೂ 8ರಿಂದ 15ನೇ ಸ್ಥಾನದ ನಡುವೆ ಇರುವವು ಬಾಗಿಲವರೆಗೆ ಬಂದು ನಿಂತವು. ಆ ಪುಟ ತೆರೆಯಿರಿ. ಟೈಟಲ್‌ನಲ್ಲಿ ಆ ಪದ ಇದೆಯೇ? ಪುಟದಲ್ಲಿ ಆ ಪ್ರಶ್ನೆಗೆ ನೇರ ಉತ್ತರ ಇದೆಯೇ? ಇಲ್ಲದಿದ್ದರೆ ಬರೆದು, ದಿನಾಂಕವನ್ನು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಂಡು, ಒಂದು ತಿಂಗಳು ಅದನ್ನು ಮುಟ್ಟದೆ ಬಿಡಿ.