ಸೊಂಟಕ್ಕೆ ಪಿಸ್ತೂಲ್ ಬೇಕಾ? ಮೊದ್ಲು ಫೈಲ್ ರೆಡಿ ಮಾಡ್ಕೊಳ್ಳಿ

ಸೇಫ್ಟಿಗೆ ಒಂದು ಪಿಸ್ತೂಲ್ ಇದ್ದಿದ್ರೆ ಚೆನ್ನಾಗಿತ್ತು ಅನ್ನೋರು ನಮ್ಮ ಮೈಸೂರು, ಮಂಡ್ಯ ಕಡೆ ಕಮ್ಮಿ ಏನಿಲ್ಲ. ಅಶೋಕ ರಸ್ತೇಲಿ ಒಡವೆ ಅಂಗಡಿ ಇಟ್ಟಿರೋರು, ಹೈವೇ ಪಕ್ಕ ಪೆಟ್ರೋಲ್ ಬಂಕ್ ನಡೆಸೋರು, ಮಂಡ್ಯದಲ್ಲಿ ಬೆಲ್ಲ ಮಾರಿ ಕ್ಯಾಶ್ ಇಟ್ಕೊಂಡು ರಾತ್ರಿ ಊರಿಗೆ ಹೋಗೋರು, ಜಮೀನು ಗಲಾಟೇಲಿ 'ನಿನ್ನ ಒಂದು ಕೈ ನೋಡ್ಕೊಳ್ತೀನಿ' ಅನ್ನಿಸ್ಕೊಂಡೋರು. ಎಲ್ರೂ ಕೇಳೋದು ಯಾವ ಪಿಸ್ತೂಲ್ ಒಳ್ಳೇದು, ಎಷ್ಟಾಗುತ್ತೆ ಅಂತ. ಅದನ್ನ ಕೊನೇಲಿ ಕೇಳಿ. ಜೀವಕ್ಕೆ ಅಪಾಯ ಇದೆ ಅಂತ ತೋರಿಸೋಕೆ ನಿಮ್ಮ ಕೈಯಲ್ಲಿ ಯಾವ ಕಾಗದ ಇದೆ ಅನ್ನೋದು ಮೊದ್ಲು, ಯಾಕಂದ್ರೆ ಲೈಸೆನ್ಸ್ ಸಿಗೋದು ಬಿಡೋದು ಮುಕ್ಕಾಲು ಭಾಗ ಅದರ ಮೇಲೇ ನಿಂತಿದೆ.

ಇದಕ್ಕೆಲ್ಲ ಆಧಾರ 1959ರ ಆರ್ಮ್ಸ್ ಆಕ್ಟ್ ಮತ್ತೆ 2016ರ ಆರ್ಮ್ಸ್ ರೂಲ್ಸ್. ಅಮೆರಿಕದ ಥರ ಬಂದೂಕು ನಮ್ಮಲ್ಲಿ ಸಂವಿಧಾನ ಕೊಟ್ಟಿರೋ ಹಕ್ಕಲ್ಲ, ಸರ್ಕಾರ ನೋಡಿ ಅಳೆದು ಕೊಡೋ ಪರ್ಮಿಷನ್ನು. ವಯಸ್ಸು 21 ಆಗಿರ್ಬೇಕು. ಹೊಡೆದಾಟದಂಥ ಕೇಸಲ್ಲಿ ಶಿಕ್ಷೆ ಆಗಿದ್ರೆ ಬಿಡುಗಡೆ ಆದ್ಮೇಲೂ 5 ವರ್ಷ ಸಿಗಲ್ಲ. ಇನ್ನೊಂದು ವಿಷ್ಯ ಸುಮಾರು ಜನಕ್ಕೆ ಗೊತ್ತೇ ಇರಲ್ಲ. ಹಳ್ಳೀಲಿ ಜಗಳ ಆದಾಗ ಎರಡೂ ಕಡೆಯವರ ಮೇಲೆ ಒನ್ ನಾಟ್ ಸೆವೆನ್ ಹಾಕಿ, ಇನ್ನು ಗಲಾಟೆ ಮಾಡಲ್ಲ ಅಂತ ಬಾಂಡ್ ಬರೆಸ್ಕೊಳ್ತಾರಲ್ಲ (ಹಳೇ ಸಿಆರ್‌ಪಿಸಿಯ 107ನೇ ಸೆಕ್ಷನ್, ಈಗ ಅದು ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲಿ 126ನೇ ಸೆಕ್ಷನ್), ಆ ಬಾಂಡ್ ಮುಗಿಯೋ ತನಕ ನೀವು ಲೈಸೆನ್ಸ್‌ಗೆ ಅನರ್ಹ. ಹಂಗಾಗಿ ಪಕ್ಕದ ಜಮೀನಿನೋನು ಬೈದ ಅಂತ ನೀವೂ ಮಚ್ಚು ಹಿಡ್ಕೊಂಡು ಬದು ಮೇಲೆ ನಿಂತ್ರೆ ಪಿಸ್ತೂಲ್ ಆಸೆ ಅಲ್ಲಿಗೇ ಬಿಟ್ಬಿಡಿ.

ಈಗ ಕಾಗದಕ್ಕೆ ಬನ್ನಿ. ಯಾರಾದ್ರೂ ಬೆದರಿಕೆ ಹಾಕಿದ್ರೆ ಆವತ್ತೇ ಠಾಣೆಗೆ ಹೋಗಿ ಕಂಪ್ಲೇಂಟ್ ಬರೆದು ಕೊಡಿ, ಹಿಂಬರಹ (ಕಂಪ್ಲೇಂಟ್ ಬಂದಿದೆ ಅಂತ ಠಾಣೆಯವರು ಬರೆದು ಕೊಡೋ ಕಾಗದ) ಇಸ್ಕೊಳ್ಳಿ. ಫೋನಲ್ಲಿ ಬೆದರಿಸಿದ್ರೆ ಕಾಲ್ ರೆಕಾರ್ಡ್, ವಾಟ್ಸಾಪಲ್ಲಿ ಬಂದಿದ್ರೆ ಸ್ಕ್ರೀನ್‌ಶಾಟು, ಅಂಗಡಿ ಹತ್ರ ಯಾರಾದ್ರೂ ಸುತ್ತಾಡ್ತಿದ್ರೆ ಸಿಸಿಟಿವಿ ಕ್ಲಿಪ್ಪು, ಎಲ್ಲ ಎತ್ತಿಡಿ. ಬಿಸಿನೆಸ್ ಮಾಡೋರು ಜಿಎಸ್‌ಟಿ, ಐಟಿ ರಿಟರ್ನ್, ಬ್ಯಾಂಕಿಗೆ ಕ್ಯಾಶ್ ಕಟ್ಟಿರೋ ಚಲನ್ನು ಜೋಡಿಸಿದ್ರೆ ನೀವು ದಿನಾ ದುಡ್ಡು ಸಾಗಿಸ್ತೀರ ಅನ್ನೋದು ಬಾಯಲ್ಲಿ ಹೇಳದೇನೇ ಗೊತ್ತಾಗುತ್ತೆ. ರೂಲ್ಸ್ ಕೂಡ ಹೇಳೋದು ಅದನ್ನೇ, ವ್ಯಾಪಾರ, ವೃತ್ತಿ ಅಥವಾ ಬೇರೆ ಕಾರಣದಿಂದ ನಿಜವಾಗ್ಲೂ ರಕ್ಷಣೆ ಬೇಕಾಗಿರೋರ ಅರ್ಜಿ ಪರಿಗಣಿಸಬೇಕು ಅಂತ. ಆಸ್ತಿ ಜಾಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ರಿಜೆಕ್ಟ್ ಮಾಡೋ ಹಾಗಿಲ್ಲ, ಇದು ಆಕ್ಟಿನ 14ನೇ ಸೆಕ್ಷನ್‌ನಲ್ಲೇ ಇದೆ, ನೆನಪಿಟ್ಕೊಳ್ಳಿ.

ಅರ್ಜಿ ಹಾಕೋ ಜಾಗ ನಿಮ್ಮ ಮನೆ ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತೆ. ಮೈಸೂರು ಸಿಟಿ ಲಿಮಿಟ್ಸ್ ಒಳಗಿದ್ರೆ ಪೊಲೀಸ್ ಕಮಿಷನರ್. ನಂಜನಗೂಡು, ಹುಣಸೂರು ಅಂತ ಹೊರಗಿದ್ರೆ ಡಿಸಿ. ಮಂಡ್ಯ ಜಿಲ್ಲೇಲಿ ಕಮಿಷನರೇಟ್ ಇಲ್ಲ, ಹಂಗಾಗಿ ಡಿಸಿ ಆಫೀಸೇ. ಬೇಕಾಗೋದು ಅರ್ಜಿಯ ಫಾರ್ಮ್ ಎ-1, ಫೋಟೋ, ಆಧಾರ್, ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಮೈಮನಸ್ಸು ಎರಡೂ ಸರಿ ಇದೆ ಅಂತ ಡಾಕ್ಟರ್ ಸರ್ಟಿಫಿಕೇಟು, ಬಂದೂಕನ್ನ ಸೇಫಾಗಿ ಹ್ಯಾಂಡಲ್ ಮಾಡೋ ಟ್ರೇನಿಂಗ್ ಆಗಿರೋ ಸರ್ಟಿಫಿಕೇಟು. ಟ್ರೇನಿಂಗ್ ಎಲ್ಲಿ ಮಾಡ್ಸಿದ್ರೆ ಒಪ್ತಾರೆ ಅಂತ ಆ ಆಫೀಸಲ್ಲೇ ವಿಚಾರಿಸಿ, ಸಿಕ್ಕಿದ ಕಡೆ ದುಡ್ಡು ಕಟ್ಟಿ ಕಾಗದ ತರ್ಬೇಡಿ. ಪೊಲೀಸರೇ ನಡೆಸೋ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋದ್ರಂತೂ ಲೈಸೆನ್ಸ್ ಸಿಕ್ಲಿ ಬಿಡ್ಲಿ, ಗುಂಡು ಹಾರಿಸೋದು ಸಿನಿಮಾದಲ್ಲಿ ನೋಡಿದಂಗಲ್ಲ ಅನ್ನೋದು ಭುಜಕ್ಕೆ ಮತ್ತೆ ಕಿವಿಗೆ ಅರ್ಥ ಆಗುತ್ತೆ.

ಅರ್ಜಿ ಹೋದ್ಮೇಲೆ ಠಾಣೆಯಿಂದ ಕರೀತಾರೆ. ಇಲ್ಲೇ ಸುಮಾರು ಜನ ತಡವರಿಸೋದು. ಎಸ್‌ಐ ಕೇಳೋದು ತುಂಬಾ ಸಿಂಪಲ್ಲು. 'ಏನ್ ಸ್ವಾಮಿ, ಯಾರಿಂದ ಭಯ ನಿಮಗೆ? ಯಾವಾಗ ಬೆದರಿಸಿದ್ರು? ಕಂಪ್ಲೇಂಟ್ ಕೊಟ್ಟಿದ್ರಾ?' ಅದಕ್ಕೆ 'ಹಂಗೇನಿಲ್ಲ ಸಾರ್, ಕಾಲ ಸರಿ ಇಲ್ವಲ್ಲ, ಅದಕ್ಕೆ ಒಂದು ಇರ್ಲಿ ಅಂತ' ಅಂದ್ರೆ ಕಥೆ ಮುಗೀತು. ಕಾಲ ಎಲ್ರಿಗೂ ಸರಿ ಇಲ್ಲ. ಹೆಸರು, ತಾರೀಖು, ಜಾಗ, ಹಿಂಬರಹದ ನಂಬರ್ ಹೇಳಿ, ಅಷ್ಟೇ ಸಾಕು, ನಮ್ಮ ಮಾವ ಎಮ್ಮೆಲ್ಲೆ ಕಡೆಯವರು ಅಂತೆಲ್ಲ ಶುರು ಮಾಡ್ಬೇಡಿ. ರೂಲ್ಸ್ ಪ್ರಕಾರ ಪೊಲೀಸ್ ರಿಪೋರ್ಟ್ 30 ದಿನದಲ್ಲಿ ಹೋಗ್ಬೇಕು, ರಿಪೋರ್ಟ್ ಕೈಸೇರಿದ 60 ದಿನದಲ್ಲಿ ತೀರ್ಮಾನ ಆಗ್ಬೇಕು, ಆದ್ರೆ ಸರ್ಕಾರಿ ಫೈಲು ಹೆಂಗೆ ನಡೆಯುತ್ತೆ ಅಂತ ನಿಮಗೆ ಬೇರೆ ಹೇಳ್ಬೇಕಾ. ರಿಜೆಕ್ಟ್ ಆದ್ರೆ ಯಾಕೆ ಅಂತ ಬರವಣಿಗೇಲಿ ಕೇಳಿ ತಗೊಳ್ಳಿ, 18ನೇ ಸೆಕ್ಷನ್ ಪ್ರಕಾರ ಅಪೀಲ್ ಹಾಕೋಕೆ ಅದೇ ಬೇಕು.

ತಾತನ ಕಾಲದ ಕೋವಿ ಲೈಸೆನ್ಸ್ ಇದೆ, ಅದರಲ್ಲೇ ಪಿಸ್ತೂಲ್ ತಗೋಬಹುದಾ ಅಂತ ಕೇಳೋರಿದ್ದಾರೆ. ಆಗಲ್ಲ. ಕಾಡುಹಂದಿ ಓಡಿಸೋಕೆ ಕೊಟ್ಟಿರೋ ಬೆಳೆ ರಕ್ಷಣೆ ಲೈಸೆನ್ಸ್ ಬೇರೆ, ಇದು ಬೇರೆ. ಪಕ್ಕದ ಕೊಡಗಿನವರಿಗೆ ಲೈಸೆನ್ಸೇ ಬೇಡ್ವಲ್ಲ ಅಂತೀರಾ, ಆ ವಿನಾಯಿತಿ ಕೊಡವರಿಗೆ ಮತ್ತೆ ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ಹಳೇ ಜಮ್ಮಾ ಪದ್ಧತೀಲಿ ಜಮೀನು ಇರೋರಿಗೆ), ಅದೂ ಕೋವಿಗೆ, ಪಿಸ್ತೂಲಿಗಲ್ಲ.

ಲೈಸೆನ್ಸ್ ಬಂತು ಅಂದ್ಕೊಳ್ಳಿ. ಅದರಲ್ಲಿ ಯುಐಎನ್ (ಪ್ರತಿ ಲೈಸೆನ್ಸ್‌ದಾರರಿಗೂ ಕೊಡೋ ಗುರುತಿನ ನಂಬರ್) ಇದ್ಯಾ, ಯಾವ ಏರಿಯಾ ತನಕ ವ್ಯಾಲಿಡ್ಡು, ಎಷ್ಟು ಗುಂಡು ಇಟ್ಕೋಬಹುದು, ಎಷ್ಟು ದಿನದೊಳಗೆ ಆಯುಧ ಕೊಳ್ಳಬೇಕು, ಈ ನಾಲ್ಕನ್ನೂ ಕೌಂಟರ್ ಬಿಡೋ ಮುಂಚೆ ಓದ್ಕೊಳ್ಳಿ. 9 ಎಂಎಂ ಬೇಕು ಅಂತ ಹಠ ಹಿಡೀಬೇಡಿ, ಅದು ನಿಷೇಧಿತ ಬೋರು (ಬೋರು ಅಂದ್ರೆ ನಳಿಗೆಯ ಅಳತೆ), ಸಾಮಾನ್ಯ ಜನಕ್ಕೆ ಹೆಚ್ಚಾಗಿ ಸಿಗೋದು ಪಾಯಿಂಟ್ 32 ಇಲ್ಲ ಪಾಯಿಂಟ್ 22. ಫಾರಿನ್ ಪಿಸ್ತೂಲ್ ಇಂಪೋರ್ಟು 80ರ ದಶಕದಲ್ಲೇ ನಿಂತೋಯ್ತು, ಆಮೇಲೆ ಹಳೇ ಮಾಲು ಕೈ ಬದಲಾಗ್ತಾ ಲಕ್ಷಗಟ್ಟಲೆಗೆ ಹೋಗ್ತಿದೆ. ಕಾನ್ಪುರದ ಸರ್ಕಾರಿ ಫ್ಯಾಕ್ಟರಿ 2014ರಲ್ಲಿ ಹೆಂಗಸರ ಹ್ಯಾಂಡ್‌ಬ್ಯಾಗಿಗೆ ಅಂತ ಬಿಟ್ಟ ನಿರ್ಭೀಕ್ ರಿವಾಲ್ವರ್ ಸುಮಾರು ಅರ್ಧ ಕೆಜಿ, ಆಗಿನ ರೇಟೇ 1,22,360 ರೂಪಾಯಿ ಇತ್ತು. 2023ರಲ್ಲಿ ಪ್ರಬಲ್ ಅಂತ ಇನ್ನೊಂದು ಬಂತು. ಹೊಸಬರಿಗೆ ನನ್ನ ಓಟು ರಿವಾಲ್ವರ್‌ಗೆ. ಸಿಲಿಂಡರ್ (ಗುಂಡು ತುಂಬೋ ತಿರುಗೋ ಉರುಳೆ) ತೆಗೆದ್ರೆ ಗುಂಡು ಇದ್ಯಾ ಇಲ್ವಾ ಕಣ್ಣಿಗೇ ಕಾಣುತ್ತೆ, ಪಿಸ್ತೂಲಲ್ಲಿ ಮ್ಯಾಗಜಿನ್ (ಹಿಡಿಯೊಳಗೆ ಕೂರೋ ಗುಂಡಿನ ಡಬ್ಬಿ) ತೆಗೆದ್ಮೇಲೂ ಒಳಗೆ ಒಂದು ಗುಂಡು ಉಳಿದಿರಬಹುದು, ಖಾಲಿ ಅಂದ್ಕೊಂಡು ಒರೆಸೋಕೆ ಹೋಗಿ ಅನಾಹುತ ಮಾಡ್ಕೊಳ್ಳೋದು ಅಲ್ಲೇ.

ರೇಟ್ ಕೇಳಿ ತಲೆ ತಿರುಗಿ ಯಾರೋ ಹುಡುಗ್ರು ಕಮ್ಮಿಗೆ ನಾಡ ಪಿಸ್ತೂಲ್ ತರಿಸ್ಕೊಡ್ತಾರಂತೆ ಅಂತ ಹೊರಡ್ಬೇಡಿ. ಲೈಸೆನ್ಸ್ ಇಲ್ದೆ ಇಟ್ಕೊಂಡ್ರೆ 2019ರ ತಿದ್ದುಪಡಿ ಆದ್ಮೇಲೆ ಕಮ್ಮಿ ಅಂದ್ರೂ 2 ವರ್ಷ, 5 ವರ್ಷದ ತನಕ ಜೈಲು. ಮೇಲಾಗಿ ಅದು ಎದುರಿಗಿರೋನಿಗಿಂತ ಹಿಡ್ಕೊಂಡಿರೋನ ಕೈಗೇ ಜಾಸ್ತಿ ಡೇಂಜರು.

ಇನ್ನು ಇಟ್ಕೊಂಡು ಓಡಾಡೋದು. 2016ರ ರೂಲ್ಸಲ್ಲಿ 32ನೇದನ್ನ ಬಾಯಿಪಾಠ ಮಾಡಿ. ಪಬ್ಲಿಕ್ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರ್‌ನಲ್ಲೋ (ಮೈಗೆ ಕಟ್ಕೊಳ್ಳೋ ಬಂದೂಕಿನ ಚೀಲ) ಅಂಥದೇ ಬ್ಯಾಗಲ್ಲೋ ಇರ್ಬೇಕು, ಪೂರ್ತಿ ಮುಚ್ಚಿರ್ಬೇಕು, ನಿಮ್ಮ ಕಂಟ್ರೋಲಲ್ಲೇ ಇರ್ಬೇಕು. ನಮ್ಮ ಕಡೆ ದೊಡ್ಡೋರು ಪಂಚೆ ಮೇಲೆ ಅಗಲದ ಬೆಲ್ಟ್ ಕಟ್ತಾರಲ್ಲ, ದುಡ್ಡಿಡೋ ಜೇಬು ಇರೋದು, ಅದರೊಳಗೆ ರಿವಾಲ್ವರ್ ತುರುಕೋದು ಹೋಲ್‌ಸ್ಟರ್ ಆಗಲ್ಲ. ಟ್ರಿಗರ್ ಓಪನ್ ಆಗಿರುತ್ತೆ, ಬೀಗದ ಕೈ ಗೊಂಚಲು ಸಿಕ್ಕಾಕೊಂಡ್ರೆ ತೊಡೆ ಹೋಯ್ತು. ಟ್ರಿಗರ್ ಜಾಗ ಪೂರ್ತಿ ಮುಚ್ಚೋ ಗಟ್ಟಿ ಹೋಲ್‌ಸ್ಟರ್ರು, ಜೋಲು ಬೀಳದಿರೋ ಬೆಲ್ಟು, ಬಲಗೈಯೋರಾದ್ರೆ ಬಲ ಸೊಂಟ, ಮೇಲೆ ಸಡಿಲವಾದ ಶರ್ಟು. ಕೂತು, ಬಗ್ಗಿ, ಬೈಕ್ ಹತ್ತಿ ಇಳಿದು ನೋಡಿ, ಶರ್ಟ್ ಮೇಲೆದ್ದು ಹಿಡಿ ಕಾಣ್ಸಿದ್ರೆ ಬೇರೆ ಶರ್ಟ್ ಹಾಕ್ಕೊಳ್ಳಿ. ಇದನ್ನೆಲ್ಲ ಗುಂಡು ತೆಗೆದಿಟ್ಟು, ಗುಂಡನ್ನ ಬೇರೆ ರೂಮಲ್ಲಿಟ್ಟು ಪ್ರಾಕ್ಟೀಸ್ ಮಾಡಿ. ಆಕ್ಟಿವಾ ಡಿಕ್ಕೀಲಿಟ್ಟು ಟೀ ಕುಡಿಯೋಕೆ ಹೋದ್ರೆ ಅದು ನಿಮ್ಮ ಕಂಟ್ರೋಲಲ್ಲಿ ಇಲ್ಲ ಅಂತಾನೇ ಅರ್ಥ.

ಮನೆಯಿಂದ ಹೊರಡೋ ಮುಂಚೆ ದಿನ ಪೂರ್ತಿ ಎಲ್ಲೆಲ್ಲಿ ಹೋಗ್ತೀರ ಅಂತ ಯೋಚಿಸಿ. ಕೋರ್ಟಿಗಾ, ದಸರಾ ಟೈಮಲ್ಲಿ ಅರಮನೆಗಾ, ಶರ್ಟ್ ಬಿಚ್ಚಿ ಒಳಗೆ ಬನ್ನಿ ಅನ್ನೋ ದೇವಸ್ಥಾನಕ್ಕಾ? ಹಂಗಿದ್ರೆ ಆವತ್ತು ಅದು ಮನೆ ಲಾಕರ್‌ನಲ್ಲೇ ಇರ್ಲಿ. ಸಂಜೆ ಗುಂಡು ಪಾರ್ಟಿ ಇದ್ರೆ ಈ ಗುಂಡು ಬೇಡ. ಮದುವೆ, ಜಾತ್ರೇಲಿ ಗಾಳಿಗೆ ಹಾರಿಸೋ ಶೋಕಿಗೆ 2 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ, ಎರಡೂ ಆಗಬಹುದು, ಲೈಸೆನ್ಸೂ ಹೋಗಬಹುದು. ಬಂಡೀಪುರದ ಮೇಲೆ ಊಟಿಗೆ ಹೊರಟ್ರೆ ಎರಡು ತೊಂದ್ರೆ ಇದೆ. ಗಡಿ ದಾಟಿದ್ಮೇಲೆ ನಿಮ್ಮ ಲೈಸೆನ್ಸ್ ನಡೆಯುತ್ತಾ ಅನ್ನೋದು ಒಂದು. ವನ್ಯಜೀವಿ ಕಾನೂನು ಇನ್ನೊಂದು, ಲಿಖಿತ ಪರ್ಮಿಷನ್ ಇಲ್ದೆ ಆಯುಧ ಇಟ್ಕೊಂಡು ಅಭಯಾರಣ್ಯದೊಳಗೆ ಹೋಗೋ ಹಾಗಿಲ್ಲ. ಅದೇ 1972ರ ಕಾನೂನಿನ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಮನೆ ಇರೋ ಲೈಸೆನ್ಸ್‌ದಾರರು ಅರಣ್ಯ ಇಲಾಖೇಲಿ ಹೆಸರು ರಿಜಿಸ್ಟರ್ ಮಾಡಿಸ್ಬೇಕು. ಕಾಡಂಚಿನೋರಿಗೆ ತಾನೇ ಅನ್ಬೇಡಿ, ರಂಗನತಿಟ್ಟು ಅಭಯಾರಣ್ಯ, ಮೇಲುಕೋಟೆ ಕಾಡೂ ಅಭಯಾರಣ್ಯ. ಶ್ರೀರಂಗಪಟ್ಟಣದೋರು ಒಂದ್ಸಲ ಮ್ಯಾಪ್ ತೆಗೆದು ನೋಡಿ.

ಹಾರಿಸೋದು ಯಾವಾಗ? ಇದನ್ನ ಲೈಸೆನ್ಸ್ ತಗೊಳ್ಳೋಕೂ ಮುಂಚೆ ತಲೇಲಿ ಕೂರಿಸ್ಕೋಬೇಕು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ 34ರಿಂದ 44ರ ತನಕ ಆತ್ಮರಕ್ಷಣೆ ಸೆಕ್ಷನ್ನುಗಳು. ಪ್ರಾಣ ಹೋಗುತ್ತೆ, ಭಾರೀ ಗಾಯ ಆಗುತ್ತೆ ಅನ್ನೋ ಹಲ್ಲೆ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ, ಇಂಥ ಟೈಮಲ್ಲಿ ಎದುರಿಗಿರೋನ ಪ್ರಾಣ ಹೋದ್ರೂ ಕಾನೂನು ನಿಮ್ಮ ಕಡೆ ನಿಲ್ಲಬಹುದು. ಆದ್ರೆ 37ನೇ ಸೆಕ್ಷನ್ ಓದಿ. ಪೊಲೀಸರನ್ನ ಕರೆಯೋಕೆ ಟೈಮ್ ಇತ್ತು ಅಂದ್ರೆ ಆ ಹಕ್ಕೇ ಇಲ್ಲ, ಬೇಕಾದಷ್ಟಕ್ಕಿಂತ ಜಾಸ್ತಿ ಮಾಡಿದ್ರೂ ಇಲ್ಲ. ತೋಟದಲ್ಲಿ ಎಳನೀರು ಕದಿಯೋನು, ಪಂಪ್‌ಸೆಟ್ ಕೇಬಲ್ ಕತ್ತರಿಸೋನು ಕಣ್ಣಿಗೆ ಬಿದ್ದ ಅಂತ ಗುಂಡು ಹೊಡೆದು ಸಾಯಿಸಿದ್ರೆ ಅವನ ಮೇಲೆ ಕಳ್ಳತನದ ಕೇಸು, ನಿಮ್ಮ ಮೇಲೆ ಕೊಲೆ ಕೇಸು. ಸರ ಕಿತ್ಕೊಂಡು ಬೈಕಲ್ಲಿ ಓಡಿಹೋಗ್ತಿರೋನ ಬೆನ್ನಿಗೆ ಹಾರಿಸಿದ್ರೂ ಕೋರ್ಟಲ್ಲಿ ಉಳಿಯೋದು ಕಷ್ಟ, ನಿಮಗಿದ್ದ ಅಪಾಯ ಅವನ ಜೊತೇಲೇ ಓಡಿಹೋಯ್ತಲ್ಲ. ಹೆದರಿಸೋಕೆ ಸುಮ್ನೆ ತೋರಿಸ್ತೀನಿ ಅನ್ನೋದೂ ಬೇಡ, ತೋರಿಸೋದೇ ಒಂದು ತಪ್ಪು.

ಗ್ರಹಚಾರ ಕೆಟ್ಟು ಹಾರಿಸೋ ಪರಿಸ್ಥಿತಿ ಬಂದೇಬಿಟ್ರೆ 112ಕ್ಕೆ ನೀವೇ ಫೋನ್ ಮಾಡಿ, ಆಂಬುಲೆನ್ಸ್ ಕೇಳಿ, ಜಾಗ ಬಿಟ್ಟು ಹೋಗ್ಬೇಡಿ, ಹಾರಿದ ಗುಂಡಿನ ಖಾಲಿ ಕೋಶ ಹೆಕ್ಬೇಡಿ, ಪೊಲೀಸ್ ಬಂದಾಗ ಆಯುಧ ಕೈಯಲ್ಲಿ ಹಿಡಿದು ನಿಂತ್ಕೋಬೇಡಿ, ಲಾಯರ್‌ನ ಕರೆಸಿ.

ಮಿಕ್ಕಿದ್ದು ರೊಟೀನು. ಮನೇಲಿ ಆಯುಧ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ, ಬೀಗದ ಕೈ ಮಕ್ಕಳಿಗೆ ಸಿಗದ ಕಡೆ. ಲೈಸೆನ್ಸ್ 5 ವರ್ಷಕ್ಕೆ, ಮುಗಿಯೋಕೆ ಎರಡು ಮೂರು ತಿಂಗಳು ಇರೋವಾಗ್ಲೇ ರಿನ್ಯೂವಲ್‌ಗೆ ಹಾಕಿ. ಕಳೆದೋದ್ರೆ ತಕ್ಷಣ ಕಂಪ್ಲೇಂಟು. ಎಲೆಕ್ಷನ್ ಬಂದಾಗ ಠಾಣೇಲಿ ಇಡಿ ಅಂತ ಆರ್ಡರ್ ಬರುತ್ತೆ, ನಿಜವಾಗ್ಲೂ ಅಪಾಯ ಇದ್ರೆ ವಿನಾಯಿತಿಗೆ ಅರ್ಜಿ ಕೊಡಬಹುದು, ಅಲ್ಲೂ ಮತ್ತೆ ಅದೇ ಹಳೇ ಹಿಂಬರಹದ ಫೈಲೇ ಬೇಕಾಗೋದು. ಲೈಸೆನ್ಸ್ ಇದ್ದೋರು ತೀರ್ಕೊಂಡ್ರೆ ಮನೆಯವರು ಅದನ್ನ ನೆನಪಿಗಿರ್ಲಿ ಅಂತ ಬೀರೂಲಿ ಇಟ್ಕೋಬೇಡಿ, ಠಾಣೆಗೋ ಲೈಸೆನ್ಸ್ ಇರೋ ಡೀಲರ್‌ಗೋ ಡಿಪಾಸಿಟ್ ಮಾಡಿ ರಸೀದಿ ತಗೊಳ್ಳಿ, ಮಗನಿಗೆ ಬೇಕಿದ್ರೆ ಆಮೇಲೆ ವಾರಸುದಾರ ಅಂತ ಅವನ ಹೆಸರಲ್ಲಿ ಬೇರೆ ಅರ್ಜಿ ಹಾಕ್ಲಿ.