ಬೆಲ್ಲ ತೆಗೆಯುವ ಮೊದಲು ಹುಳಿ ತೆಗೆಯಿರಿ

ಮಲೆನಾಡಿನ ಅಡುಗೆಯಲ್ಲಿ ಸಿಹಿ ಇರುವುದು ಪಾಯಸ, ಹೋಳಿಗೆಯಲ್ಲಿ ಮಾತ್ರ ಅಂದುಕೊಂಡವರು ನಮ್ಮ ಕಡೆಯ ಯಾವುದಾದರೂ ಮನೆಯ ಒಲೆ ಮುಂದೆ ಒಂದು ದಿನ ನಿಂತು ನೋಡಬೇಕು. ತಿಳಿಸಾರಿಗೆ ಒಂದು ಚೂರು ಬೆಲ್ಲ, ಬೀನ್ಸ್ ಪಲ್ಯಕ್ಕೆ ಒಂದು ಚೂರು, ಗೊಜ್ಜಿಗೆ ದೊಡ್ಡ ಉಂಡೆ, ಮೆಣಸ್ಕಾಯಿ ಎನ್ನುವ ಹುಳಿಸಿಹಿ ಪದಾರ್ಥಕ್ಕೆ ಅದಕ್ಕಿಂತ ದೊಡ್ಡದು. ಬೆಳಗ್ಗೆ ದೋಸೆಗೆ ಜೋನಿಬೆಲ್ಲ (ಗಟ್ಟಿಯಾಗದ, ಹರಿಯುವ ಬೆಲ್ಲ), ಸಂಜೆ ಕಷಾಯಕ್ಕೆ ಮತ್ತೆ ಬೆಲ್ಲ. ರಾತ್ರಿ ಮಲಗುವಾಗ ಕೇಳಿದರೆ 'ಇವತ್ತು ಸಿಹಿ ಎಂತದೂ ಮಾಡಿರಲಿಲ್ಲ' ಅಂತಲೇ ಹೇಳುತ್ತೇವೆ.

ನಾನೂ ಹಾಗೇ ಹೇಳುತ್ತಿದ್ದವಳು. ಮಗಳ ದವಡೆ ಹಲ್ಲುಗಳಿಗೆ ಹುಳುಕು ಹತ್ತಿ ಶಿವಮೊಗ್ಗದಲ್ಲೇ ಒಬ್ಬರು ದಂತವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ 'ಶಾಲೆ ಡಬ್ಬಿಗೆ ಏನು ಹಾಕ್ತೀರಿ?' ಎಲ್ಲಾ ಮನೆಯದ್ದೇ ಎಂದು ಹೆಮ್ಮೆಯಿಂದ ಪಟ್ಟಿ ಕೊಟ್ಟೆ: ಬಾಳೆಹಣ್ಣಿನ ದೋಸೆ, ಬೆಲ್ಲ ಕಲಸಿದ ಅವಲಕ್ಕಿ, ಚಪಾತಿಗೆ ಜಾಮ್ ಸವರಿ ಸುರುಳಿ. ಅವರು ಏನೂ ಅನ್ನಲಿಲ್ಲ, ಒಂದು ಚೀಟಿ ಮೇಲೆ ಚಮಚದ ಲೆಕ್ಕ ಬರೆದು ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಆಹಾರದ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 1,600 ಕ್ಯಾಲರಿ ತಿನ್ನುವ ಮಗುವಿಗೆ ಶೇ 5 ಅಂದರೆ 20 ಗ್ರಾಂ, ಸುಮಾರು 5 ಟೀ ಚಮಚ. ಜೇನುತುಪ್ಪ, ಸೋಸಿದ ಹಣ್ಣಿನ ರಸ ಎಲ್ಲಾ ಆ ಲೆಕ್ಕದೊಳಗೇ. ಹಾಲಿನಲ್ಲಿ, ಇಡೀ ಹಣ್ಣಿನಲ್ಲಿ ತಾನಾಗಿ ಇರುವ ಸಿಹಿ ಮಾತ್ರ ಹೊರಗೆ.

ಬೆಲ್ಲದ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ನಮ್ಮ ಅತ್ತೆ ಸಾಗರದ ಕಡೆಯವರು. ಆಲೆಮನೆ ಸುರುವಾದರೆ ಜೋನಿಬೆಲ್ಲದ ಡಬ್ಬ ಬರದೆ ಅವರಿಗೆ ಸಮಾಧಾನವಿಲ್ಲ. 'ಸಕ್ಕರೆ ಬಿಡು, ಸರಿ. ಬೆಲ್ಲ ಎಂತ ಮಾಡಿತ್ತೇ ಮಾರಾಯ್ತಿ? ಅದರಲ್ಲಿ ಕಬ್ಬಿಣದ ಅಂಶ ಇರ್ತದೆ' ಎಂದರು. ಇರುತ್ತದೆ, ಸುಳ್ಳಲ್ಲ. ಆದರೆ ಸಾರಿಗೆ ಹಾಕುವ ಅಡಿಕೆ ಗಾತ್ರದ ಚೂರಿನಿಂದ ಬರುವ ಕಬ್ಬಿಣ ಲೆಕ್ಕಕ್ಕೇ ಬರುವಷ್ಟಿಲ್ಲ. ಆ ಚೂರಿನ ಬಹುಪಾಲು ಸಕ್ಕರೆಯೇ. ಹಲ್ಲಿನ ಸಂದಿಯಲ್ಲಿ ಕೂತ ಬ್ಯಾಕ್ಟೀರಿಯಾಕ್ಕೆ ಬಿಳಿಯದೂ ಒಂದೇ, ಕಂದೂ ಒಂದೇ. ಅತ್ತೆ ಒಪ್ಪಲಿಲ್ಲ, ಆದರೆ ಮೊಮ್ಮಗಳ ಹಲ್ಲಿನ ವಿಷಯವಾದ್ದರಿಂದ ಅಡ್ಡ ಬರಲೂ ಇಲ್ಲ.

ಸುಮ್ಮನೆ ಬೆಲ್ಲ ಹಾಕುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ಪ್ರಯತ್ನಿಸಿದವರಿಗೆಲ್ಲ ಗೊತ್ತು. ಸಾರು ಗಂಟಲು ಹಿಡಿಯುತ್ತದೆ, ಗೊಜ್ಜು ಚುರ್ ಅನ್ನುತ್ತದೆ, ಮಕ್ಕಳು ತಟ್ಟೆ ದೂಡುತ್ತಾರೆ. ಬೆಲ್ಲ ಅಲ್ಲಿ ಸಿಹಿಗಾಗಿ ಇಲ್ಲವೇ ಇಲ್ಲ. ಹುಣಸೆಹಣ್ಣಿನ ಹುಳಿಯನ್ನು ಮೆತ್ತಗೆ ಮಾಡುವುದಕ್ಕೆ ಇದೆ. ಹಾಗಾಗಿ ಕೈ ಹಿಡಿಯಬೇಕಾದದ್ದು ಮೊದಲು ಹುಳಿಯಲ್ಲಿ. ನನ್ನ ಅಡುಗೆಮನೆಯಲ್ಲಿ ಆದ ಬದಲಾವಣೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ತಿಳಿಸಾರು ನಾನು ಈಗ ಮಾಡುವ ರೀತಿ ಹೇಳುತ್ತೇನೆ. ಮೊದಲು ನಿಂಬೆ ಗಾತ್ರದ ಹುಣಸೆ ನೆನೆಸುತ್ತಿದ್ದೆ, ಈಗ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹುಣಸೆ ರಸವನ್ನು ಅರಿಶಿನ, ಕರಿಬೇವು, ಉಪ್ಪು ಹಾಕಿ ಮೊದಲು ಅದೊಂದನ್ನೇ ಕುದಿಸುತ್ತೇನೆ, ಹಸಿ ವಾಸನೆ ಪೂರ್ತಿ ಹೋಗುವವರೆಗೆ. ಅವಸರದಲ್ಲಿ ಬೇಳೆ ಕಟ್ಟಿನ ಜೊತೆಗೇ ಕುದಿಸಿದರೆ ಹುಳಿ ಬಿಡಿಯಾಗಿ ನಾಲಿಗೆಗೆ ಹೊಡೆಯುತ್ತದೆ. ಆಮೇಲೆ ತೊಗರಿಬೇಳೆ ಕಟ್ಟು, ಮೊದಲಿನ ಒಂದೂವರೆ ಪಟ್ಟು, ಜೊತೆಗೆ ಎರಡು ಚಮಚ ಬೆಂದ ಬೇಳೆಯನ್ನೂ ಕಿವುಚಿ. ಸಾರಿನ ಪುಡಿಯಲ್ಲಿ ಮೆಣಸಿನಕಾಯಿ ಇಳಿಸಿ ಕೊತ್ತಂಬರಿ ಬೀಜ, ಜೀರಿಗೆ ಏರಿಸಿದ್ದೇನೆ, ಏಕೆಂದರೆ ಖಾರ ಹೆಚ್ಚಾದರೂ ನಾಲಿಗೆ ಸಿಹಿ ಕೇಳುತ್ತದೆ. ಕೊನೆಗೆ ತುಪ್ಪದಲ್ಲಿ ಇಂಗು, ಸಾಸಿವೆ. ಇಷ್ಟಾದರೆ ಬೆಲ್ಲದ ಡಬ್ಬಿ ಕಡೆ ಕೈ ಹೋಗುವುದೇ ಇಲ್ಲ.

ಪಲ್ಯಗಳದ್ದು ಸುಲಭ. ಹಸಿ ಕಾಯಿತುರಿ ಧಾರಾಳವಾಗಿ ಹಾಕಿ, ಬಲಿತ ಕಾಯಿಗಿಂತ ಸ್ವಲ್ಪ ಎಳೆಯದಾದರೆ ಇನ್ನೂ ಒಳ್ಳೆಯದು. ಅದರಲ್ಲೇ ಬೇಕಾದಷ್ಟು ಸಿಹಿ ಇದೆ. ಈರುಳ್ಳಿ ತಿನ್ನುವ ದಿನ ಅದನ್ನು ಸಣ್ಣ ಉರಿಯಲ್ಲಿ ನಿಧಾನ ಬಾಡಿಸಿದರೆ ಸಾಕು. ತಂಬುಳಿಗೆ ಬೇಕಾದದ್ದು ಅವತ್ತಿನ ಸಿಹಿ ಮಜ್ಜಿಗೆ. ಒಂದೆಲಗ, ದೊಡ್ಡಪತ್ರೆ ಯಾವುದಾದರೂ ಸರಿ, ನಿನ್ನೆಯ ಹುಳಿ ಮಜ್ಜಿಗೆಯಲ್ಲಿ ಮಾಡಿದರೆ ಮಕ್ಕಳು ಮುಖ ಕಿವುಚುತ್ತಾರೆ. ಏಪ್ರಿಲ್ ಸೆಕೆಯಲ್ಲಿ ಮೊಸರು ಬೇಗ ಹುಳಿಯಾಗುವುದರಿಂದ ರಾತ್ರಿ ತಡವಾಗಿ ಹೆಪ್ಪು ಹಾಕಿ ಬೆಳಗ್ಗೆ ಕಡೆದುಬಿಡುತ್ತೇನೆ. ಅನಾನಸ್ ಗೊಜ್ಜಿಗೆ ಹುಣಸೆಯನ್ನೇ ಹಾಕುವುದಿಲ್ಲ, ಹಣ್ಣಿನದ್ದೇ ಹುಳಿ ಇರುವಾಗ ಅದಕ್ಕೆ ಮತ್ತೊಂದು ಹುಳಿ, ಆಮೇಲೆ ಅದನ್ನು ಮುಚ್ಚಲು ಬೆಲ್ಲ, ಇದೆಂಥ ಲೆಕ್ಕವೋ. ಪೂರ್ತಿ ಹಣ್ಣಾದ ಅನಾನಸ್, ಹುರಿದ ಎಳ್ಳು, ಕಾಯಿ, ಒಣಮೆಣಸು ಸಾಕು.

ಈ ಸೂತ್ರ ನಡೆಯದ ಕಡೆಯೂ ಇದೆ. ಪತ್ರೊಡೆಯಲ್ಲಿ ಹುಳಿ ಕಡಿಮೆ ಮಾಡುವ ಹಾಗಿಲ್ಲ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಮೊನೆಯ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅದರಿಂದಲೇ. ಹುಣಸೆ ಇರುವುದು ಆ ತುರಿಕೆ ಅಡಗಿಸಲು. ಹಾಗಾಗಿ ಹುಳಿ ಇದ್ದಷ್ಟೇ ಇಟ್ಟು, ಬೆಂದ ಪತ್ರೊಡೆಯನ್ನು ಹೆಚ್ಚಿ ಕೊಬ್ಬರಿಎಣ್ಣೆಯಲ್ಲಿ ಕಾಯಿತುರಿ ಸುರಿದು ಬಾಡಿಸುತ್ತೇನೆ. ಬೆಲ್ಲವಿಲ್ಲದೆ ನಡೆಯುತ್ತದೆ. ಹಾಗಲಕಾಯಿ ಗೊಜ್ಜು ನಡೆಯುವುದಿಲ್ಲ. ಹುಳಿ, ಕಹಿ, ಖಾರ ಮೂರೂ ಸೇರಿದ ಆ ಪದಾರ್ಥಕ್ಕೆ ಬೆಲ್ಲವೇ ಜೀವ. ಅದನ್ನು ತಿದ್ದಲು ಹೋಗದೆ ಅಪರೂಪಕ್ಕೆ, ಸರಿಯಾಗಿ ಬೆಲ್ಲ ಹಾಕಿಯೇ ಮಾಡುತ್ತೇನೆ. ಅತ್ತೆ ತಮ್ಮ ಸಾರಿಗೂ ಬಟ್ಟಲಲ್ಲೇ ಒಂದು ಚೂರು ಬೆಲ್ಲ ಕಿವುಚಿಕೊಳ್ಳುತ್ತಾರೆ. ಪಾತ್ರೆಗೆ ಬೀಳದಿದ್ದರೆ ನನಗೆ ಸಾಕು. ಎಪ್ಪತ್ತು ದಾಟಿದವರ ನಾಲಿಗೆ ತಿದ್ದುವ ಹಟ ನನಗಿಲ್ಲ.

ಇನ್ನು ಡಬ್ಬಿ. ಬೆಳಗ್ಗೆ ಏಳೂಮುಕ್ಕಾಲಿಗೆ ಶಾಲೆ ವ್ಯಾನ್ ಬರುತ್ತದೆ, ಅಷ್ಟರಲ್ಲಿ ಇಬ್ಬರು ಮಕ್ಕಳಿಗೆ ಎರಡೆರಡು ಡಬ್ಬಿ, ಒಂದು ಸಣ್ಣ ಬಿಡುವಿಗೆ, ಒಂದು ಮಧ್ಯಾಹ್ನದ ಊಟಕ್ಕೆ. ಮಧ್ಯಾಹ್ನದ್ದು ತಲೆನೋವಿಲ್ಲ. ಅಕ್ಕಿರೊಟ್ಟಿ, ಕಾಯಿ ಚಟ್ನಿ. ಹಿಟ್ಟನ್ನು ಬಿಸಿನೀರಿನಲ್ಲಿ ಉಕ್ಕರಿಸಿ, ಒಂದು ಹಿಡಿ ಬೆಂದ ಅನ್ನ ನುರಿದು ನಾದಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಇಲ್ಲದಿದ್ದರೆ ಮೊಸರನ್ನ, ಮೆಂತ್ಯಸೊಪ್ಪಿನ ಚಪಾತಿ, ಕೊಟ್ಟೆ ಕಡುಬು. ಕಷ್ಟವಿರುವುದು ಸಣ್ಣ ಬಿಡುವಿನ ಡಬ್ಬಿಯಲ್ಲಿ. ಅಲ್ಲಿ ಪಕ್ಕದ ಮಗುವಿನ ಕ್ರೀಮ್ ಬಿಸ್ಕೆಟ್ ಕಣ್ಣಿಗೆ ಕಾಣುತ್ತಿರುತ್ತದೆ.

ಬಾಳೆಹಣ್ಣಿನ ದೋಸೆಯನ್ನು ನಾನು ಬಿಡಲಿಲ್ಲ, ಅದರೊಳಗಿನ ಬೆಲ್ಲ ಬಿಟ್ಟೆ. ಗುಟ್ಟಿರುವುದು ಹಣ್ಣಿನಲ್ಲಿ. ಪುಟ್ಟಬಾಳೆಯ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದು, ಹಿಡಿದರೆ ಮೆತ್ತಗಾಗಬೇಕು. ಪಿಷ್ಟವೆಲ್ಲ ಸಿಹಿಗೆ ತಿರುಗುವುದು ಆಗಲೇ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಂಜೆ ಹೊತ್ತಿಗೆ ಇಂಥ ಹಣ್ಣನ್ನು ಕಡಿಮೆ ಬೆಲೆಗೆ ಕೊಟ್ಟುಬಿಡುತ್ತಾರೆ. ಎರಡು ಲೋಟ ನೆನೆದ ಅಕ್ಕಿಗೆ ಐದಾರು ಹಣ್ಣು, ಅರ್ಧ ಕಡಿ ಕಾಯಿ, ಎರಡು ಏಲಕ್ಕಿ, ಉಪ್ಪು. ಉಪ್ಪು ಮರೆಯಬಾರದು, ಸ್ವಲ್ಪ ಉಪ್ಪಿದ್ದರೇ ಹಣ್ಣಿನ ಸಿಹಿ ಎದ್ದು ಕಾಣುವುದು. ಏಲಕ್ಕಿ ಪರಿಮಳಕ್ಕೆ ಮಕ್ಕಳು ಇದ್ದದ್ದಕ್ಕಿಂತ ಹೆಚ್ಚು ಸಿಹಿ ಇದೆ ಎಂದೇ ತಿಳಿಯುತ್ತಾರೆ. ಕಾವಲಿ ಹೆಚ್ಚು ಕಾಯಬಾರದು, ಹಣ್ಣಿನ ಸಿಹಿ ಬೇಗ ಕರಟುತ್ತದೆ. ಡಬ್ಬಿಗೆ ಹಾಕುವಾಗ ದೋಸೆ ದೋಸೆಯ ನಡುವೆ ಬಾಡಿಸಿದ ಬಾಳೆ ಎಲೆಯ ತುಂಡು ಇಟ್ಟರೆ ಅಂಟಿಕೊಳ್ಳುವುದಿಲ್ಲ.

ಮೇ ತಿಂಗಳಿನಿಂದ ಹಲಸು. ಶಾಲೆ ಸುರುವಾಗುವ ಹೊತ್ತಿಗೆ ಹಲಸಿನ ಹಣ್ಣಿನ ಕಡುಬಿಗೆ ಸರಿಯಾದ ಕಾಲ. ಹಣ್ಣು ಮೆತ್ತನೆ ತೊಳೆಯ ಅಂಬಲಿಯೋ ಗಟ್ಟಿ ತೊಳೆಯ ಬಕ್ಕೆಯೋ ಎನ್ನುವುದಕ್ಕಿಂತ ಮಳೆ ಹಿಡಿಯುವ ಮೊದಲು ಕೊಯ್ದದ್ದೋ ಅಲ್ಲವೋ ನೋಡಬೇಕು. ಜೋರು ಮಳೆ ಬಿದ್ದ ಮೇಲಿನ ಹಣ್ಣು ನೀರುನೀರಾಗಿ ಸಪ್ಪೆ ಹೊಡೆಯುತ್ತದೆ, ಬೆಲ್ಲವಿಲ್ಲದೆ ಅದನ್ನು ಕಡುಬು ಮಾಡಿದರೆ ಯಾರೂ ತಿನ್ನರು. ಮೊದಲ ಹಣ್ಣುಗಳ ತೊಳೆಗೆ ಅಕ್ಕಿತರಿ, ಕಾಯಿ, ಉಪ್ಪು ಸೇರಿಸಿ ಬಾಳೆ ಎಲೆಯಲ್ಲಿ ಕಟ್ಟಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿದರೆ, ಮಾರನೆಯ ದಿನ ಬೆಳಗ್ಗೆ ತುಂಡು ಮಾಡಿ ತುಪ್ಪ ಸವರಿ ಬಿಸಿ ಮಾಡಿ ಕೊಡಬಹುದು. ಸಾಗುವಾನಿ ಎಲೆ ಸಿಕ್ಕರೆ ಅದರಲ್ಲೂ ಕಟ್ಟುತ್ತಾರೆ; ಕಡುಬಿಗೆ ಕೆಂಪು ಬಣ್ಣ ಹತ್ತುತ್ತದೆ, ಮಗನಿಗೆ ಅದೇ ಬೇಕು.

ಅವಲಕ್ಕಿಗೆ ಬೆಲ್ಲ ತಪ್ಪಿಸುವುದು ಕೈಯ ಕೆಲಸ. ಹಸಿ ಕಾಯಿತುರಿಗೆ ಉಪ್ಪು, ಜೀರಿಗೆ, ಚೂರು ಹಸಿಮೆಣಸು ಹಾಕಿ ಬರಿಗೈಯಲ್ಲಿ ಹಿಸುಕಬೇಕು, ಬೆರಳ ಸಂದಿಯಿಂದ ಕಾಯಿಹಾಲು ಇಳಿಯುವವರೆಗೆ. ಆ ಹಾಲಿಗೇ ತೆಳು ಅವಲಕ್ಕಿ ಕಲಸಿದರೆ ನೀರು ಚಿಮುಕಿಸುವ ಅಗತ್ಯವಿಲ್ಲ, ಬೆಲ್ಲದ ನೆನಪೂ ಆಗುವುದಿಲ್ಲ. ಮಿಕ್ಸಿಯಲ್ಲಿ ತಿರುಗಿಸಿದ ಕಾಯಿಗೆ ಈ ರುಚಿ ಬರುವುದಿಲ್ಲ, ಏಕೋ ಏನೋ.

ಗೆಣಸು ಇನ್ನೊಂದು. ಕುಕ್ಕರಿನಲ್ಲಿ ಕೂಗಿಸಿದ ಗೆಣಸಿಗೂ ಸಣ್ಣ ಉರಿಯಲ್ಲಿ ನಿಧಾನ ಬೆಂದದ್ದಕ್ಕೂ ಅಜಗಜಾಂತರ. ನಿಧಾನ ಬಿಸಿಯಾದಾಗ ಗೆಣಸಿನೊಳಗಿನ ಕಿಣ್ವಕ್ಕೆ ಪಿಷ್ಟವನ್ನು ಸಿಹಿ ಮಾಡಲು ಸಮಯ ಸಿಗುತ್ತದೆ. ಊರಿಗೆ ಹೋದಾಗ ಬಚ್ಚಲ ಒಲೆಯ ಬೂದಿಯಲ್ಲಿ ಸುಟ್ಟದ್ದು ಅಷ್ಟು ರುಚಿ ಇರುವುದು ಅದಕ್ಕೇ. ಪೇಟೆಯಲ್ಲಿ ದಪ್ಪ ತಳದ ಪಾತ್ರೆಗೆ ಮುಚ್ಚಳ ಹಾಕಿ, ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಬಿಡುತ್ತೇನೆ. ರಾಗಿಯದ್ದೂ ಇದೇ ಕಥೆ, ಮೊಳಕೆ ಬರಿಸಿ ಒಣಗಿಸಿ ಹುರಿದು ಬೀಸಿದ ಹಿಟ್ಟಿನ ಗಂಜಿಗೆ ತನ್ನದೇ ಸಿಹಿ ಇರುತ್ತದೆ. ಮಳೆಗಾಲದಲ್ಲಿ ಒಣಗದೆ ಮುಗ್ಗಲು ಹಿಡಿಯುವುದರಿಂದ ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಬೇಕು.

ಖರ್ಜೂರ ಅರೆದು ಎಲ್ಲದಕ್ಕೂ ಹಾಕಿ 'ಸಕ್ಕರೆರಹಿತ' ಎಂದು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ನನಗೆ ಅದು ಹಿಡಿಸಲಿಲ್ಲ. ಖರ್ಜೂರದಲ್ಲಿ ನಾರು ಇದೆ, ಒಪ್ಪೋಣ. ಆದರೆ ಮುಕ್ಕಾಲುಪಾಲು ಸಿಹಿಯೇ ಇರುವ ಅಂಟಂಟು ಪದಾರ್ಥವನ್ನು ಹಲ್ಲು ಹುಳುಕಾದ ಮಗುವಿಗೆ ದಿನವೂ ಕೊಡುವುದರಲ್ಲಿ ಅರ್ಥವಿಲ್ಲ. ಕೃತಕ ಸಿಹಿಯನ್ನೂ ತರಲಿಲ್ಲ, ನಾಲಿಗೆ ಕೇಳುವ ಸಿಹಿಯ ಮಟ್ಟ ಇಳಿಯದಿದ್ದರೆ ಇಷ್ಟೆಲ್ಲ ಯಾಕೆ ಮಾಡಬೇಕು? ಕಷಾಯಕ್ಕೆ ಅತಿಮಧುರ ಹಾಕಿದರೆ ಬೆಲ್ಲ ಬೇಡ ಎಂದು ನಾದಿನಿ ಹೇಳಿದಳು, ನಿಜವೂ ಹೌದು. ಆದರೆ ಅದನ್ನು ಹೆಚ್ಚು ಕುಡಿದರೆ ರಕ್ತದೊತ್ತಡ ಏರುತ್ತದೆ, ಅತ್ತೆಗೆ ಮೊದಲೇ ಬಿಪಿ. ಹಾಲು ಹೆಚ್ಚು ಹಾಕಿ ಕುದಿಸಿದ ಜೀರಿಗೆ ಕೊತ್ತಂಬರಿ ಕಷಾಯ ಈಗ ಎಲ್ಲರಿಗೂ ಒಗ್ಗಿದೆ.

ಪೊಟ್ಟಣದ ಸಾಮಾನು ತರುವಾಗ ಮುಂಭಾಗದ ಚಿತ್ರ ನೋಡುವುದು ಬಿಟ್ಟಿದ್ದೇನೆ. ಹಿಂಭಾಗದಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯಲ್ಲಿ ಬರೆದಿರುತ್ತಾರೆ, ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಅಲ್ಲೇ ಇಡುತ್ತೇನೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಎಲ್ಲಾ ಅದರದ್ದೇ ವೇಷ. ಟೊಮೆಟೊ ಸಾಸ್ ಒಂದು ದೊಡ್ಡ ಚಮಚಕ್ಕೆ ಹತ್ತಿರಹತ್ತಿರ ಒಂದು ಟೀ ಚಮಚ ಸಕ್ಕರೆ ಎಂದು ಗೊತ್ತಾದ ಮೇಲೆ ಟೊಮೆಟೊ ಚಟ್ನಿಯನ್ನೇ ನುಣ್ಣಗೆ ರುಬ್ಬಿ ಅದೇ ಬಾಟಲಿಗೆ ತುಂಬಿದೆ. ಮಗ ಒಂದೇ ಗುಟುಕಿಗೆ ಕಂಡುಹಿಡಿದ. ತಿನ್ನುತ್ತಾನೆ, ಆದರೆ 'ಸಾಸ್' ಅಂತ ಒಪ್ಪುವುದಿಲ್ಲ.

ಹಬ್ಬಕ್ಕೆ ಇದ್ಯಾವುದೂ ಇಲ್ಲ. ಚೌತಿಯ ಪಂಚಕಜ್ಜಾಯ, ದೀಪಾವಳಿಯ ಹೋಳಿಗೆ ಬೆಲ್ಲ ಹಾಕಿಯೇ ಆಗಬೇಕು, ಹೊಟ್ಟೆತುಂಬ ತಿನ್ನಬೇಕು, ಆಮೇಲೆ ಬಾಯಿ ಮುಕ್ಕಳಿಸಬೇಕು. ಮಗಳ ಹುಟ್ಟುಹಬ್ಬಕ್ಕೆ ತರಗತಿಯಲ್ಲಿ ಚಾಕೊಲೇಟ್ ಹಂಚುವುದನ್ನೂ ತಡೆಯಲಿಲ್ಲ. ಗೆಳತಿಯರ ಡಬ್ಬಿಯಿಂದ ಏನು ತಿಂದಳು ಎಂದು ಕೇಳುವುದೂ ಇಲ್ಲ.

ಬಗೆಹರಿಯದೆ ಉಳಿದದ್ದು ಬ್ರೆಡ್. ಸಕ್ಕರೆ ಹಾಕದ ಬ್ರೆಡ್ ನಮ್ಮ ಕಡೆಯ ಬೇಕರಿಗಳಲ್ಲಿ ಕೇಳಿದರೆ ನಗುತ್ತಾರೆ, ಮನೆಯಲ್ಲಿ ಮಾಡಲು ಒಂಬತ್ತಕ್ಕೆ ಕೆಲಸಕ್ಕೆ ಹೊರಡುವ ನನಗೆ ಪುರುಸೊತ್ತಿಲ್ಲ. ಶುಕ್ರವಾರ ಸ್ಯಾಂಡ್‌ವಿಚ್ ಬೇಕೇ ಬೇಕು ಎಂದು ಮಕ್ಕಳು ಹಟ ಮಾಡಿದರೆ ಬೇಕರಿಯದ್ದನ್ನೇ ತಂದು, ಜಾಮಿನ ಬದಲು ಕೊತ್ತಂಬರಿಸೊಪ್ಪಿನ ಚಟ್ನಿ, ಸೌತೆಕಾಯಿ, ಬೆಣ್ಣೆ ಇಟ್ಟು ಕಳಿಸುತ್ತೇನೆ.